ಎದುರಾಳಿಯಿಲ್ಲದ ತಾಳಮದ್ದಳೆ: ಕಿರಿಯ ಬರಹಗಾರ್ತಿಗೆ ಒಂದು ಪತ್ರ

ಪ್ರೀತಿಯ ತಂಗಿ,

ಅಮೆರಿಕದ ರೇಡಿಯೋ ಮಾತುಗಾರ ರಷ್ ಲಿಂಬಾ ಕುರಿತ ನಿನ್ನ ಕರಡನ್ನು ಎರಡು ಸಲ ಓದಿದೆ. ಮೊದಲು ಸಣ್ಣ ತಕರಾರುಗಳನ್ನು ಮುಗಿಸಿಬಿಡೋಣ. ಹೆಸರು ‘ಲಿಂಬಾಗ್’ ಅಲ್ಲ, ‘ಲಿಂಬಾ’. ಕೊನೆಯ ಅಕ್ಷರಗಳು ಕಾಗದದ ಮೇಲೆ ಮಾತ್ರ ಇವೆ, ಬಾಯಲ್ಲಿ ಇಲ್ಲ. ಎರಡನೆಯದು ಸರ್ವನಾಮ. ಮೊದಲ ಪುಟದಲ್ಲಿ ‘ಅವರು’ ಅಂದಿದ್ದೀಯ, ಆರನೇ ಪುಟದಲ್ಲಿ ನಿನಗೆ ಸಿಟ್ಟು ಬಂದ ಕೂಡಲೇ ‘ಅವನು’, ಆತನಿಗೆ ಕ್ಯಾನ್ಸರ್ ಬಂದಾಗ ಮತ್ತೆ ‘ಅವರು’. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಕಾಟವಿಲ್ಲ. ನಮ್ಮಲ್ಲಿ ಕ್ರಿಯಾಪದದ ಬಾಲದಲ್ಲೇ ತೀರ್ಪು ಅಂಟಿಕೊಂಡಿರುತ್ತದೆ. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೆ ಅದರಲ್ಲೇ ಹೋಗು. ಈ ಪತ್ರದಲ್ಲಿ ನಾನು ‘ಆತ’ ಎನ್ನುತ್ತೇನೆ.

ಇನ್ನು ದೊಡ್ಡ ಕೊರತೆ. ನಿನ್ನ ಹನ್ನೆರಡು ಪುಟದಲ್ಲಿ ರೀಗನ್, ಕ್ಲಿಂಟನ್, ಒಬಾಮ, ಟ್ರಂಪ್ ಎಲ್ಲರೂ ಇದ್ದಾರೆ, ರೇಡಿಯೋ ಮಾತ್ರ ಇಲ್ಲ. ಕನ್ನಡದ ಓದುಗರಿಗೆ ಅದನ್ನೇ ಮೊದಲು ಕಟ್ಟಿಕೊಡಬೇಕು. ನಮ್ಮಲ್ಲಿ ರೇಡಿಯೋ ಎಂದರೆ ಒಂದೋ ಆಕಾಶವಾಣಿಯಲ್ಲಿ ಬರೆದು ಓದುವ ಭಾಷಣ, ಇಲ್ಲವೇ ಎರಡು ಹಾಡಿನ ನಡುವೆ ಆರ್‌ಜೆ ಹೊಡೆಯುವ ಹರಟೆ. ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಓದುವ ಅನುಮತಿಯೇ ಇಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆ ಬಿತ್ತರಿಸಬಹುದು, ಅಷ್ಟೆ. ಹೀಗಿರುವಾಗ ಒಬ್ಬ ಮನುಷ್ಯ ವಾರಕ್ಕೆ ಐದು ದಿನ, ನ್ಯೂಯಾರ್ಕ್ ಗಡಿಯಾರದ ಪ್ರಕಾರ ಮಧ್ಯಾಹ್ನ 12ರಿಂದ 3ರವರೆಗೆ, ಮೂವತ್ತೆರಡು ವರ್ಷ ಬರೀ ರಾಜಕೀಯ ಮಾತಾಡಿಯೇ ಬದುಕಿದ ಎಂದರೆ ಓದುಗರ ಕಣ್ಣಿಗೆ ಏನೂ ಕಟ್ಟುವುದಿಲ್ಲ.

ಕರಾವಳಿ, ಮಲೆನಾಡಿನವರಿಗೆ ತಾಳಮದ್ದಳೆ ಗೊತ್ತು: ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಪ್ರಸಂಗ ಎಲ್ಲರಿಗೂ ತಿಳಿದದ್ದೇ, ಪಾತ್ರವೂ ತಿಳಿದದ್ದೇ, ಅರ್ಥ ಹೇಳುವುದು ಮಾತ್ರ ಆ ಹೊತ್ತಿನದು. ಲಿಂಬಾನ ಕೆಲಸ ಅದಕ್ಕೆ ಹತ್ತಿರ. ಮೇಜಿನ ಮೇಲೆ ಆ ದಿನದ ಸುದ್ದಿಯ ಕಾಗದಗಳ ರಾಶಿ ಇರುತ್ತಿತ್ತು, ಬರೆದಿಟ್ಟ ಭಾಷಣ ಇರುತ್ತಿರಲಿಲ್ಲ. ಕಾಗದ ಸರಸರ ಅನ್ನಿಸುವುದು, ಮೇಜು ಕುಟ್ಟುವುದು, ಮಾತಿನ ನಡುವೆ ಬೇಕೆಂದೇ ಸುಮ್ಮನಾಗುವುದು, ಇವೂ ಕೇಳುಗರ ಕಿವಿಗೆ ಬೀಳುತ್ತಿದ್ದವು. ವ್ಯತ್ಯಾಸ ಇರುವುದು ಒಂದೇ ಕಡೆ, ನಿನ್ನ ಲೇಖನದ ಬೆನ್ನೆಲುಬು ಆಗಬೇಕಾದದ್ದೂ ಅದೇ. ತಾಳಮದ್ದಳೆಯಲ್ಲಿ ಕೃಷ್ಣನ ಮಾತಿಗೆ ಕೌರವ ಅಡ್ಡ ಹಾಕುತ್ತಾನೆ, ಲಿಂಬಾನ ಎದುರಿನ ಕುರ್ಚಿ ಖಾಲಿ. ಅತಿಥಿಗಳು ಅಪರೂಪ. ಫೋನ್ ಮಾಡುವವರನ್ನು ಮೊದಲೇ ಸೋಸಿ ಒಳಗೆ ಬಿಡುತ್ತಿದ್ದವನು ಜೇಮ್ಸ್ ಗೋಲ್ಡನ್, ಪ್ರಸಾರದಲ್ಲಿ ಅವನ ಹೆಸರು ಬೋ ಸ್ನರ್ಡ್ಲಿ.

ಇದನ್ನು ನನ್ನ ಮಾತಿನ ಮೇಲೆ ಬರೆಯಬೇಡ. ಧ್ವನಿಮುದ್ರಿಕೆ ಸಿಗುತ್ತದೆ. ಮೂರು ಬೇರೆ ಬೇರೆ ಕಾಲದ ಒಂದೊಂದು ಗಂಟೆ ಆರಿಸಿಕೋ: 1990ರ ದಶಕದ ಆರಂಭದ್ದು, 2001ರ ಶರತ್ಕಾಲದ್ದು, 2010ರ ನಂತರದ್ದು. ಹಾಳೆಯಲ್ಲಿ ಮೂರು ಕಾಲಂ ಹಾಕು: ನಿಮಿಷ, ಯಾರ ಧ್ವನಿ, ಏನು ನಡೆಯುತ್ತಿದೆ. ಆತನ ಒಬ್ಬಂಟಿ ಮಾತು, ಬೇರೆಯವರ ಮಾತಿನ ತುಣುಕು, ಅಣಕು ಹಾಡು, ಕರೆ, ಜಾಹೀರಾತು ಎಲ್ಲವನ್ನೂ ಬೇರೆ ಬೇರೆ ಗುರುತು ಮಾಡು. ಆತ ತಾನೇ ಓದುವ ಜಾಹೀರಾತಿಗೆ ಪ್ರತ್ಯೇಕ ಗುರುತು ಹಾಕು. ಮಾತು ಎಲ್ಲಿ ಮುಗಿಯಿತು, ಮಾರಾಟ ಎಲ್ಲಿ ಶುರುವಾಯಿತು ಎಂದು ಎಷ್ಟೋ ಕಡೆ ಗೊತ್ತೇ ಆಗುವುದಿಲ್ಲ. ಆ ನುಣುಪೇ ಆತನ ಕಸುಬು.

ಈಗ 1987ಕ್ಕೆ ಬರೋಣ. ‘ನ್ಯಾಯಸಮ್ಮತ ನೀತಿ ರದ್ದಾಯಿತು, ಲಿಂಬಾ ಹುಟ್ಟಿದ’ ಎಂದು ಒಂದೇ ಸಾಲಿನಲ್ಲಿ ಹಾರಿದ್ದೀಯ. ಈ ವಿಷಯ ಬರೆಯುವವರು ಬಹುತೇಕ ಎಡವುವುದೇ ಇಲ್ಲಿ. ಆ ನೀತಿ, ಅಂದರೆ ಫೇರ್‌ನೆಸ್ ಡಾಕ್ಟ್ರಿನ್, 1949ರದು. ವಿವಾದದ ವಿಷಯವನ್ನು ಎತ್ತಿಕೊಂಡ ಕೇಂದ್ರ ಬೇರೆ ಅಭಿಪ್ರಾಯಗಳಿಗೂ ಜಾಗ ಕೊಡಬೇಕು ಎನ್ನುವ ನಿಯಮ ಅದು. ಚುನಾವಣೆಯ ಅಭ್ಯರ್ಥಿಗಳಿಗೆ ಸಮಾನ ಸಮಯ ಕೊಡಬೇಕೆನ್ನುವ ನಿಯಮ ಬೇರೆ, ಅದು ಈಗಲೂ ಇದೆ. ನಿನ್ನ ನಾಲ್ಕನೇ ಪುಟದಲ್ಲಿ ಎರಡೂ ಕಲಸಿಹೋಗಿವೆ. 1969ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದ್ದ ನೀತಿಯನ್ನು 1987ರ ಆಗಸ್ಟ್‌ನಲ್ಲಿ ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಕೈಬಿಟ್ಟಿತು. ಅದಕ್ಕೆ ಎರಡು ತಿಂಗಳು ಮೊದಲು ಅದನ್ನು ಕಾನೂನು ಮಾಡಲು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಒಪ್ಪಿದ್ದ ಮಸೂದೆಯನ್ನು ಅಧ್ಯಕ್ಷ ರೀಗನ್ ತಡೆದಿದ್ದರು.

ಆದರೆ ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡು. ಲಿಂಬಾ ಸ್ಯಾಕ್ರಮೆಂಟೊದ ಕೆಎಫ್‌ಬಿಕೆ ಕೇಂದ್ರದಲ್ಲಿ ಇದೇ ಧಾಟಿಯಲ್ಲಿ ಮಾತಾಡತೊಡಗಿದ್ದು 1984ರಲ್ಲಿ, ನೀತಿ ಇನ್ನೂ ಜಾರಿಯಲ್ಲಿದ್ದಾಗ. 1930ರ ದಶಕದಲ್ಲೇ ಕ್ಯಾಥೊಲಿಕ್ ಪಾದ್ರಿ ಫಾದರ್ ಕಾಗ್ಲಿನ್ ರೇಡಿಯೋದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಮೇಲೆ ಬೆಂಕಿ ಕಾರುತ್ತಿದ್ದ. ಹಾಗಾಗಿ ನೀತಿ ಹೋದದ್ದು ಒಂದು ಕಾರಣ, ಅದೊಂದೇ ಕಾರಣವಲ್ಲ. ಅಂಥ ಕಾರ್ಯಕ್ರಮ ಹಾಕಿದರೆ ಕೇಸು ಬೀಳುತ್ತದೆ ಎಂಬ ಅಂಜಿಕೆ ಕೇಂದ್ರಗಳ ಮಾಲೀಕರಿಂದ ಹೋಯಿತು ಎಂದು ಬರೆ, ಸಾಕು.

ಉಳಿದ ಕಾರಣಗಳು ದುಡ್ಡಿನವು. 1970ರ ದಶಕದಲ್ಲಿ ಸ್ಟೀರಿಯೊ ಗುಣಮಟ್ಟ ಇದ್ದ ಎಫ್‌ಎಂಗೆ ಸಂಗೀತ ವಲಸೆ ಹೋಯಿತು. ಎಎಂ (ಮೀಡಿಯಂ ವೇವ್) ಕೇಂದ್ರಗಳಿಗೆ ದೂರದವರೆಗೆ ಹೋಗುವ ಸಿಗ್ನಲ್ ಇತ್ತು, ಹಾಕಲು ಸರಕಿರಲಿಲ್ಲ. ನ್ಯೂಯಾರ್ಕಿನ 50,000 ವ್ಯಾಟ್‌ನ ಡಬ್ಲ್ಯುಎಬಿಸಿ 1982ರಲ್ಲೇ ಹಾಡು ಬಿಟ್ಟು ಮಾತಿಗೆ ತಿರುಗಿತ್ತು. ಹಗಲು ಹೊತ್ತಿನ ಮಾತು ಆಯಾ ಊರಿನದೇ ಆಗಿರಬೇಕು, ದೇಶವಿಡೀ ಕೇಳಿಸುವ ಮಾತು ರಾತ್ರಿಗೆ ಮಾತ್ರ ಎನ್ನುವುದು ಆಗಿನ ನಂಬಿಕೆ. ಲ್ಯಾರಿ ಕಿಂಗ್ 1978ರಿಂದ ನಡುರಾತ್ರಿಯಲ್ಲಿ ಮಾತಾಡುತ್ತಿದ್ದದ್ದು ಹಾಗೆಯೇ. ಎಬಿಸಿ ರೇಡಿಯೋದ ಮುಖ್ಯಸ್ಥನಾಗಿದ್ದ ಎಡ್ ಮೆಕ್‌ಲಾಫ್ಲಿನ್ ಇದನ್ನು ತಿರುಗಿಸಿದ. 1988ರ ಆಗಸ್ಟ್ 1ರಂದು 56 ಕೇಂದ್ರಗಳೊಂದಿಗೆ ಲಿಂಬಾನ ರಾಷ್ಟ್ರೀಯ ಪ್ರಸಾರ ಶುರುವಾಯಿತು. ವ್ಯವಹಾರ ವಿನಿಮಯದ್ದು: ಕೇಂದ್ರ ದುಡ್ಡು ಕೊಡಬೇಕಿಲ್ಲ, ಕಾರ್ಯಕ್ರಮದೊಳಗಿನ ಕೆಲವು ಜಾಹೀರಾತು ನಿಮಿಷಗಳನ್ನು ಬಿಟ್ಟುಕೊಟ್ಟರೆ ಆಯಿತು. ಆ ನಿಮಿಷಗಳನ್ನು ಮೆಕ್‌ಲಾಫ್ಲಿನ್ ದೇಶಮಟ್ಟದ ಕಂಪನಿಗಳಿಗೆ ಮಾರುತ್ತಿದ್ದ. ನಷ್ಟದಲ್ಲಿದ್ದ ಸಣ್ಣ ಊರಿನ ಕೇಂದ್ರಕ್ಕೆ ಮಧ್ಯಾಹ್ನದ ಹೊತ್ತು ಪುಕ್ಕಟೆ ತುಂಬಿತು. ಈ ಒಂದು ಪ್ಯಾರಾ ನಿನ್ನ ಲೇಖನದಲ್ಲಿ ಇರದಿದ್ದರೆ ಆತನ ಬೆಳವಣಿಗೆ ಪವಾಡದಂತೆ ಕಾಣುತ್ತದೆ.

ಅದಕ್ಕೂ ಹಿಂದಿನ ಹದಿನೇಳು ವರ್ಷಗಳನ್ನು ನೀನು ಎರಡು ವಾಕ್ಯದಲ್ಲಿ ಮುಗಿಸಿದ್ದೀಯ. 1951ರ ಜನವರಿ 12ರಂದು ಮಿಸ್ಸೂರಿಯ ಕೇಪ್ ಜಿರಾರ್ಡೊದಲ್ಲಿ, ಲಾಯರುಗಳ ಮನೆತನದಲ್ಲಿ ಹುಟ್ಟಿದವ. ಹೈಸ್ಕೂಲಿನಲ್ಲಿದ್ದಾಗಲೇ ಊರಿನ ಕೆಜಿಎಂಒದಲ್ಲಿ ‘ರಸ್ಟಿ ಶಾರ್ಪ್’ ಆಗಿ ಹಾಡು ಹಾಕುತ್ತಿದ್ದ. ಕಾಲೇಜನ್ನು ಒಂದು ವರ್ಷದೊಳಗೆ ಬಿಟ್ಟ. ಪೆನ್ಸಿಲ್ವೇನಿಯಾದಲ್ಲಿ ‘ಜೆಫ್ ಕ್ರಿಸ್ಟಿ’ ಆದ. ಒಂದಾದಮೇಲೊಂದು ಕೆಲಸ ಹೋಯಿತು. 1979ರಲ್ಲಿ ರೇಡಿಯೋ ಬಿಟ್ಟು ಕ್ಯಾನ್ಸಸ್ ಸಿಟಿ ರಾಯಲ್ಸ್ ಬೇಸ್‌ಬಾಲ್ ತಂಡದಲ್ಲಿ ಗುಂಪು ಟಿಕೆಟ್ ಮಾರಾಟ, ಪ್ರಚಾರದ ಕೆಲಸಕ್ಕೆ ಸೇರಿದ. ಸ್ವಂತ ಹೆಸರಿನಲ್ಲಿ ರಾಜಕೀಯ ಮಾತಾಡಿ ಗೆಲ್ಲುವಷ್ಟರಲ್ಲಿ ವಯಸ್ಸು 33. ಅಂದರೆ ಆತ ರಾಜಕೀಯದಿಂದ ರೇಡಿಯೋಗೆ ಬಂದವನಲ್ಲ, ಹಾಡು ಹಾಕುವ ಡಿಜೆಯ ಕಸುಬನ್ನು ರಾಜಕೀಯಕ್ಕೆ ತಂದವನು. ಗುರುತಿನ ರಾಗ, ಅಣಕು ಹಾಡು, ಅಡ್ಡಹೆಸರು, ಜಂಬ ಎಲ್ಲವೂ ಆ ಅಂಗಡಿಯ ಮಾಲೇ.

ಜಂಬದ ಅನುವಾದ ನೋಡಿ ನಗು ಬಂತು. ‘ಅರ್ಧ ಮಿದುಳನ್ನು ಬೆನ್ನ ಹಿಂದೆ ಕಟ್ಟಿಕೊಂಡು’ ಅಂದರೆ ಕನ್ನಡದಲ್ಲಿ ಶಸ್ತ್ರಚಿಕಿತ್ಸೆಯ ವಿವರದಂತಿದೆ. ಅಲ್ಲಿನ ಮೂಲ ನುಡಿಗಟ್ಟು ಒಂದು ಕೈ ಕಟ್ಟಿಕೊಂಡು ಕುಸ್ತಿ ಆಡುವುದರದು. ‘ನಿಮಗೂ ಒಂದು ಚಾನ್ಸ್ ಇರಲಿ ಅಂತ ಅರ್ಧ ಬುದ್ಧಿಯಷ್ಟೇ ಖರ್ಚು ಮಾಡ್ತಿದ್ದೀನಿ’ ಎಂದರೆ ಆ ಧಾಟಿ ಸಿಗುತ್ತದೆ. ಅಭಿಮಾನಿಗಳು ಇದಕ್ಕೆ ನಗುತ್ತಿದ್ದರು, ವಿರೋಧಿಗಳು ನಿಜವೆಂದೇ ತೆಗೆದುಕೊಳ್ಳುತ್ತಿದ್ದರು. ಆ ಬಿರುಕನ್ನು ತೋರಿಸು. ಆತನ ಅಭಿಮಾನಿಗಳ ಅಡ್ಡಹೆಸರಾದ ‘ಡಿಟ್ಟೊಹೆಡ್’ ಪದಕ್ಕೆ ‘ಕುರಿಮಂದೆ’ ಎಂದು ಹಾಕಿದ್ದೀಯ, ಅದು ವಿರೋಧಿಗಳು ಕೊಟ್ಟ ಅರ್ಥ. ಕರೆ ಮಾಡಿದ ಪ್ರತಿಯೊಬ್ಬರೂ ಹೊಗಳಲು ಸಮಯ ತಿನ್ನುತ್ತಿದ್ದಾಗ, ಹಿಂದಿನವರು ಹೇಳಿದ್ದೇ ನನ್ನದೂ ಎನ್ನುವುದಕ್ಕೆ ‘ಡಿಟ್ಟೊ’ ಬಂತು. ‘ಕನ್ಸರ್ವೇಟಿವ್’ಗೆ ‘ಸಂಪ್ರದಾಯವಾದಿ’ ಬೇಡ, ನಮ್ಮ ಕಿವಿಗೆ ಮಡಿ, ಪಂಚಾಂಗ ಕೇಳಿಸುತ್ತದೆ. ಆತನ ಮಾತಿನ ತಿರುಳು ಕಡಿಮೆ ತೆರಿಗೆ, ಸಣ್ಣ ಸರ್ಕಾರ, ಬಂದೂಕಿನ ಹಕ್ಕು, ಪತ್ರಿಕೆಗಳ ಮೇಲಿನ ಅಪನಂಬಿಕೆ. ‘ಕನ್ಸರ್ವೇಟಿವ್’ ಎಂದೇ ಇಟ್ಟು ಒಮ್ಮೆ ವಿವರಿಸು.

ಅಂಕಿಗಳು. ಆತನ ಪ್ರಸಾರದ 2008ರ ಒಪ್ಪಂದ 400 ಮಿಲಿಯನ್ ಡಾಲರ್, ಅಂದರೆ 40 ಕೋಟಿ. ನೀನು 4 ಕೋಟಿ ಬರೆದಿದ್ದೀಯ. ಅದೂ ಎಂಟು ವರ್ಷಕ್ಕೆ, ಒಂದು ವರ್ಷಕ್ಕಲ್ಲ. ಕೇಳುಗರು ‘2 ಕೋಟಿಗೂ ಹೆಚ್ಚು’ ಎನ್ನುವುದು ಆತನ ಕಡೆಯವರ ಲೆಕ್ಕ. ಉದ್ಯಮದ ಪತ್ರಿಕೆ ಟಾಕರ್ಸ್‌ನ ಅಂದಾಜು ಕೊನೆಯ ವರ್ಷಗಳಲ್ಲಿ ಒಂದೂವರೆ ಕೋಟಿಯ ಆಸುಪಾಸು. ಎರಡೂ ವಾರದ ಒಟ್ಟು ಲೆಕ್ಕಗಳು. ಈ ಪದ್ಧತಿಯಲ್ಲಿ ಕಾಲು ಗಂಟೆಯೊಳಗೆ ಐದು ನಿಮಿಷ ಕೇಳಿದವನೂ ಕೇಳುಗನೇ. ಒಂದೇ ಹೊತ್ತಿಗೆ ಅಷ್ಟೂ ಜನ ಕಿವಿಗೊಟ್ಟು ಕೂತಿದ್ದರು ಎಂಬ ನಿನ್ನ ವಾಕ್ಯ ಬಿದ್ದುಹೋಗಲಿ.

ಇನ್ನೊಂದು ಬಲೆ ನಮಗೇ ಹಾಕಿದಂತಿದೆ. ಆತನ ಅಜ್ಜ ಐಸೆನ್‌ಹೋವರ್ ಕಾಲದಲ್ಲಿ ಭಾರತಕ್ಕೆ ಅಮೆರಿಕದ ರಾಯಭಾರಿ ಆಗಿದ್ದರು ಎಂದು ಅಲ್ಲಲ್ಲಿ ಓದಲು ಸಿಗುತ್ತದೆ. ಭಾರತದ ಕೊಂಡಿ ಸಿಕ್ಕಿತೆಂದು ನೀನೂ ಖುಷಿಯಿಂದ ಎತ್ತಿಕೊಂಡಿದ್ದೀಯ. ಪಟ್ಟಿ ತೆರೆದು ನೋಡಬೇಕಿತ್ತು: 1953ರಿಂದ 1961ರವರೆಗೆ ದೆಹಲಿಯಲ್ಲಿದ್ದ ರಾಯಭಾರಿಗಳು ಜಾರ್ಜ್ ಆಲೆನ್, ಜಾನ್ ಶೆರ್ಮನ್ ಕೂಪರ್, ಎಲ್ಸ್‌ವರ್ತ್ ಬಂಕರ್. ಅಜ್ಜ ಅಲ್ಲಿಲ್ಲ. ಓದುಗರಿಗೆ ಹತ್ತಿರವಾಗಲಿ ಎಂದು ಸೇರಿಸುವ ಸಂಗತಿಯನ್ನೇ ಮೊದಲು ಅನುಮಾನಿಸು.

ಟಿವಿಗೆ ಒಂದು ಪ್ಯಾರಾ ಸಾಕು. 1992ರಿಂದ 1996ರವರೆಗೆ ಅರ್ಧ ಗಂಟೆಯ ಕಾರ್ಯಕ್ರಮ, ನಿರ್ಮಾಪಕ ರೋಜರ್ ಏಲ್ಸ್. ಅದೇ ಏಲ್ಸ್ 1996ರಲ್ಲಿ ಫಾಕ್ಸ್ ನ್ಯೂಸ್ ಶುರುಮಾಡಿದ್ದನ್ನು ಮರೆಯಬೇಡ. 2003ರಲ್ಲಿ ಕ್ರೀಡಾ ವಾಹಿನಿ ಇಎಸ್‌ಪಿಎನ್‌ನ ಅಮೆರಿಕನ್ ಫುಟ್‌ಬಾಲ್ ಕಾರ್ಯಕ್ರಮದಲ್ಲಿ, ಕಪ್ಪು ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿ ನಡೆಸುವ ಆಟಗಾರ) ಗೆಲ್ಲಲಿ ಎಂಬ ಆಸೆಯಿಂದ ಮಾಧ್ಯಮದವರು ಡಾನೊವನ್ ಮೆಕ್‌ನ್ಯಾಬ್‌ನನ್ನು ಹೊಗಳುತ್ತಾರೆ ಎಂಬರ್ಥದ ಮಾತಾಡಿದ. ಮೂರು ದಿನದಲ್ಲಿ ರಾಜೀನಾಮೆ ಕೊಡಬೇಕಾಯಿತು. ರೇಡಿಯೋದಲ್ಲಿ ಎದುರು ಕುರ್ಚಿ ಖಾಲಿಯಿತ್ತು, ಅಲ್ಲಿ ಇರಲಿಲ್ಲ. ಆದರೆ ಅದೇ ಮೇಜಿನಲ್ಲಿ ಕೂತವರು ಆ ಕ್ಷಣದಲ್ಲಿ ಜನಾಂಗದ ಮಾತನ್ನು ತಡೆಯಲಿಲ್ಲ ಎನ್ನುವುದನ್ನೂ ಬರೆ.

ಅತಿ ಹತ್ತಿರದಿಂದ ತೋರಿಸಬೇಕಾದ್ದು 2001. ಆ ಅಕ್ಟೋಬರ್‌ನಲ್ಲಿ ಆತ ಕೇಳುಗರಿಗೆ ಹೇಳಿದ: ನನಗೆ ಕಿವಿ ಕೇಳಿಸುತ್ತಿಲ್ಲ. ಕರೆ ಮಾಡಿದವರ ಮಾತನ್ನು ಒಬ್ಬರು ಆಗಿಂದಾಗ ಟೈಪ್ ಮಾಡುತ್ತಿದ್ದರು. ಅದು ಪರದೆಯ ಮೇಲೆ ಮೂಡುತ್ತಿತ್ತು, ಆತ ಓದಿ ಉತ್ತರಿಸುತ್ತಿದ್ದ. ಆ ಕಾಲದ ಗಂಟೆಯನ್ನು ಕೇಳುವಾಗ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಬಿಡುವನ್ನು ಸೆಕೆಂಡಿನಲ್ಲಿ ಅಳೆ. ಡಿಸೆಂಬರ್‌ನಲ್ಲಿ ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವಿಗೆ ಕೂರಿಸುವ ಕೇಳಿಸುವ ಸಾಧನ) ಆಯಿತು. ಕಾರಣ ಒಳಗಿವಿಯ ಆಟೋಇಮ್ಯೂನ್ ಕಾಯಿಲೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ ಎಂದು ಹೇಳಲಾಯಿತು. ಎರಡು ವರ್ಷದ ಮೇಲೆ ಬಯಲಾದ ನೋವಿನ ಮಾತ್ರೆಯ ಚಟವನ್ನು ನೀನು ಇದಕ್ಕೆ ‘ಹಾಗಾಗಿಯೇ’ ಎಂದು ಹೊಲಿದಿದ್ದೀಯ. ಆ ಪದ ತೆಗೆ.

ಚಟದ ಕೇಸಿನಲ್ಲಿ ‘ಶಿಕ್ಷೆಯಾಯಿತು’ ಎಂಬುದೂ ತಪ್ಪು. 2006ರ ಏಪ್ರಿಲ್‌ನಲ್ಲಿ ಒಂದೇ ಆರೋಪ ದಾಖಲಾಯಿತು, ತಪ್ಪೊಪ್ಪಿಗೆ ಇಲ್ಲ. 18 ತಿಂಗಳು ಚಿಕಿತ್ಸೆ ಮುಂದುವರಿಸಿದರೆ ಆರೋಪ ಕೈಬಿಡುವ ಒಪ್ಪಂದ, ತನಿಖೆಯ ಖರ್ಚಿಗೆಂದು 30,000 ಡಾಲರ್. ಆತನ ವೈದ್ಯಕೀಯ ದಾಖಲೆಗಳ ಗೋಪ್ಯತೆಯ ಪರವಾಗಿ ಕೋರ್ಟಿಗೆ ಹೋದದ್ದು ಎಸಿಎಲ್‌ಯು, ಆತ ಸದಾ ಜರಿಯುತ್ತಿದ್ದ ನಾಗರಿಕ ಹಕ್ಕುಗಳ ಸಂಸ್ಥೆ. ಮಾದಕವಸ್ತು ಬಳಸುವವರನ್ನು ಜೈಲಿಗೆ ಕಳಿಸಬೇಕೆಂದು ಆತ 1995ರಲ್ಲಿ ಹೇಳಿದ್ದನ್ನು ಇದರ ಪಕ್ಕದಲ್ಲಿಡು, ಏನೂ ಟೀಕೆ ಸೇರಿಸಬೇಡ.

ಅವಮಾನದ ಮಾತುಗಳನ್ನು ನುಣುಪು ಮಾಡಬೇಡ. 2012ರಲ್ಲಿ ಜಾರ್ಜ್‌ಟೌನ್ ಕಾನೂನು ವಿದ್ಯಾರ್ಥಿನಿ ಸಾಂಡ್ರಾ ಫ್ಲೂಕ್ ಗರ್ಭನಿರೋಧಕಕ್ಕೆ ವಿಮೆ ಬೇಕೆಂದು ಸಂಸದರ ಮುಂದೆ ಹೇಳಿದ್ದಕ್ಕೆ ಆತ ಬಳಸಿದ ಬೈಗುಳ ‘ಅವಹೇಳನಕಾರಿ ಪದ’ ಅಲ್ಲ, ಆಕೆಯನ್ನು ಸೂಳೆ ಎಂದ. ಫೆಬ್ರುವರಿ 29ಕ್ಕೆ ಅಂದದ್ದು, ಜಾಹೀರಾತುದಾರರು ಕಳಚಿಕೊಳ್ಳತೊಡಗಿದ ಮೇಲೆ ಮಾರ್ಚ್ 3ಕ್ಕೆ ಕ್ಷಮೆ. ಕ್ಷಮೆ ಪದಗಳಿಗೆ, ನಿಲುವಿಗಲ್ಲ. ಹಾಗೆಯೇ ಮೊದಲ ವರ್ಷಗಳಲ್ಲಿ ಏಡ್ಸ್ ಕುರಿತು ನಡೆಸಿದ ಗೇಲಿಯ ವಿಭಾಗವನ್ನೂ, ಆಮೇಲೆ ಆತನೇ ಅದಕ್ಕೆ ವಿಷಾದಿಸಿದ್ದನ್ನೂ ಒಟ್ಟಿಗೆ ಬರೆ. ಒಂದನ್ನು ಬಿಟ್ಟರೆ ಅಭಿಮಾನಿಯ ಲೇಖನ, ಇನ್ನೊಂದನ್ನು ಬಿಟ್ಟರೆ ವೈರಿಯದು.

1994ರ ಗೆಲುವನ್ನೂ ಪೂರ್ತಿ ಆತನ ಖಾತೆಗೆ ಹಾಕಬೇಡ. ರಿಪಬ್ಲಿಕನ್ನರು ನಲವತ್ತು ವರ್ಷದ ಮೇಲೆ ಕೆಳಮನೆ ಹಿಡಿದರು, ಹೊಸ ಸಂಸದರು ಆತನನ್ನು ತಮ್ಮ ಗುಂಪಿನ ಗೌರವ ಸದಸ್ಯ ಮಾಡಿಕೊಂಡರು. ಇವು ಸತ್ಯಾಂಶಗಳು. ಆತನಿಂದಲೇ ಗೆದ್ದರು ಎನ್ನುವುದು ಗೆದ್ದವರ ಕೃತಜ್ಞತೆ.

ಕೊನೆಯ ಪುಟದಲ್ಲಿ 2020ರ ಫೆಬ್ರುವರಿ 3ರಂದು ಶ್ವಾಸಕೋಶದ ಕ್ಯಾನ್ಸರ್ ಸುದ್ದಿ, ಮರುದಿನವೇ ಸಂಸತ್ತಿನಲ್ಲಿ ಮೆಲಾನಿಯಾ ಟ್ರಂಪ್ ಆತನ ಕೊರಳಿಗೆ ಹಾಕಿದ ಪದಕ, 2021ರ ಫೆಬ್ರುವರಿ 17ರಂದು ಸಾವು ಎಲ್ಲ ಸರಿಯಾಗಿವೆ. ಧೂಮಪಾನದ ಅಪಾಯವನ್ನು ಹಗುರ ಮಾಡಿ ಮಾತಾಡುತ್ತಿದ್ದದ್ದೂ ನಿಜ. ಅದರ ಕೆಳಗೆ ‘ಮಾಡಿದ್ದುಣ್ಣೋ ಮಹರಾಯ’ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಹೊಡೆದು ಹಾಕಿದ್ದೇನೆ.

ಎರಡನೇ ಕರಡಿನ ಜೊತೆ ಆ ಮೂರು ಕಾಲಂ ಹಾಳೆಗಳನ್ನೂ ಕಳಿಸು. ಪುಟಸಂಖ್ಯೆ ಹಾಕು, ಈ ಸಲ ನೀನು ಮರೆತಿದ್ದೆ.

ನಿನ್ನ
ಅಣ್ಣ