ಚೆಂಡು ಯಾವುದಾದರೇನು ಅನ್ನಬೇಡಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಕಳೆದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ಗಾಲ್ಫ್ ಬಗ್ಗೆ ಒಂದು ಬರಹ ಬಂದಿತ್ತು. ಕನ್ನಡ ಪತ್ರಿಕೆಯಲ್ಲಿ ಈ ಆಟದ ಬಗ್ಗೆ ಬರುವುದೇ ಅಪರೂಪ. ಹಾಗಾಗಿ ಎರಡು ಸಲ ಓದಿದೆ. ಅದರಲ್ಲಿ ಒಂದು ಮಾತು ನನಗೆ ಒಪ್ಪಿಗೆಯಾಗಲಿಲ್ಲ. ‘ಹವ್ಯಾಸಕ್ಕೆ ಆಡುವವರಿಗೆ ಯಾವ ಚೆಂಡಾದರೂ ಒಂದೇ, ಅದಕ್ಕೆಲ್ಲಾ ತಲೆ ಕೆಡಿಸಿಕೊಳ್ಳಬೇಡಿ’ ಎಂದು ಬರೆದಿದ್ದರು. ದುಬಾರಿ ಚೆಂಡಿನ ಹಿಂದೆ ಓಡಬೇಡಿ ಅಂದಿದ್ದರೆ ನಾನೂ ಹೌದು ಅನ್ನುತ್ತಿದ್ದೆ. ಆದರೆ ಯಾವುದಾದರೂ ಒಂದೇ ಅನ್ನುವುದು ತಪ್ಪು. ಆ ಮಾತು ನಂಬಿ ನಾನೇ ನಾಲ್ಕು ವರ್ಷ ಕಳೆದುಕೊಂಡಿದ್ದೇನೆ. ಅದಕ್ಕೇ ಈ ಪತ್ರ.

ನಾನು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ತಳಿ ಎಂಬ ಊರಿನವನು. ಮನೆಮಾತು ಕನ್ನಡ. ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ 31 ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಗಾಡಿಗಳಿಗೆ ಹಾಕುವ ರಬ್ಬರ್ ಬುಷ್, ಆಯಿಲ್ ಸೀಲ್, ಗ್ಯಾಸ್ಕೆಟ್ ಇವೆಲ್ಲ ನನ್ನ ಕೈ ದಾಟಿಯೇ ಹೊರಗೆ ಹೋಗುತ್ತಿದ್ದವು. ನಮ್ಮ ಪ್ಲಾಂಟ್ ಮ್ಯಾನೇಜರ್ ಊರು ಬಿಡುವಾಗ ತಮ್ಮ ಹಳೇ ಗಾಲ್ಫ್ ಕಿಟ್ ನನಗೆ ಕೊಟ್ಟು, ‘ರಿಟೈರ್ ಆದಮೇಲೆ ಮನೆಯಲ್ಲಿ ಕೂರಬೇಡಿ’ ಅಂದರು. ಹಾಗೆ ಶುರುವಾಯಿತು. ಈಗ ತಿಂಗಳಿಗೆ ಎರಡು ಸಲ, ಜನ ಕಡಿಮೆ ಇರುವ ವಾರದ ದಿನ ಹೋಗಿ ಆಡುತ್ತೇನೆ. 18 ಹೋಲ್, ಅಂದರೆ 18 ಕುಳಿಗಳಿಗೂ ಚೆಂಡು ಸೇರಿಸಿ ಮುಗಿಸಲು ನನಗೆ ಸುಮಾರು 100 ಹೊಡೆತ ಬೇಕು. ಈ ಆಟದಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಅಂದರೆ ನಾನು ಬರೆಯುತ್ತಿರುವುದು ನನ್ನಂಥ ಸಾಮಾನ್ಯ ಆಟಗಾರರಿಗಾಗಿಯೇ.

ಕೈಗೆ ರಬ್ಬರ್ ಸಿಕ್ಕರೆ ಕತ್ತರಿಸಿ ನೋಡುವುದು ನನಗೆ ಕೆಲಸದಿಂದ ಬಂದ ಅಭ್ಯಾಸ. ಒಂದು ದಿನ ಮನೆಯ ಹಿಂದಿನ ಶೆಡ್ಡಿನಲ್ಲಿ ವೈಸ್‌ಗೆ ಚೆಂಡು ಸಿಕ್ಕಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಹ್ಯಾಕ್ಸಾ ಹಿಡಿದು ಕೂತೆ. ಮೊದಲು ಕಡಿಮೆ ಬೆಲೆಯ ಚೆಂಡು. ಒಳಗೆ ದೊಡ್ಡದೊಂದು ರಬ್ಬರ್ ಉಂಡೆ, ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಸಿಪ್ಪೆ. ಅಷ್ಟೇ, ಎರಡೇ ಭಾಗ. ಆ ಸಿಪ್ಪೆಗೆ ಅಯಾನೋಮರ್ ಅನ್ನುತ್ತಾರೆ. ಸರ್ಲಿನ್ ಎಂಬ ಹೆಸರಿನಲ್ಲಿ ಜಾಸ್ತಿ ಜನಕ್ಕೆ ಗೊತ್ತು. ಉಗುರು ಒತ್ತಿದರೆ ಜಾರುತ್ತದೆ, ಗುರುತು ಕೂರುವುದಿಲ್ಲ. ಆಮೇಲೆ ದುಬಾರಿ ಚೆಂಡು. ಅದರಲ್ಲಿ ರಬ್ಬರ್ ಉಂಡೆಯ ಸುತ್ತ ಇನ್ನೊಂದು ಗಟ್ಟಿ ಪದರ. ಅದರ ಮೇಲೆ ಒಂದು ಮಿಲಿಮೀಟರ್‌ಗಿಂತ ತೆಳ್ಳಗಿನ, ಯುರೇಥೇನ್ ಎಂಬ ಮೆತ್ತನೆ ವಸ್ತುವಿನ ಸಿಪ್ಪೆ. ಇದು ಉಗುರಿಗೆ ಸ್ವಲ್ಪ ಮಣಿಯುತ್ತದೆ. ಬೆರಳಿಗೆ ಹಿಡಿತ ಸಿಗುತ್ತದೆ.

ಮೂರನೆಯದು ಮ್ಯಾನೇಜರ್ ಸಾಹೇಬರ ಕಿಟ್‌ನ ತಳದಲ್ಲಿ ಸಿಕ್ಕ ಹಳೇ ಕಾಲದ ಚೆಂಡು. ಬ್ಲೇಡು ಸಿಪ್ಪೆ ದಾಟಿದ್ದೇ ತಡ, ಒಳಗಿನಿಂದ ರಬ್ಬರ್ ದಾರಗಳು ಪಟಪಟ ಅಂತ ಕಿತ್ತುಕೊಂಡು ಬಂದವು. ಶಾವಿಗೆಯಷ್ಟು ತೆಳ್ಳಗೆ, ಎಳೆದು ಬಿಗಿಯಾಗಿ ಸುತ್ತಿದ ದಾರ. ವೈಸ್‌ನಲ್ಲೇ ಚೆಂಡು ನಡುಗುತ್ತಿತ್ತು. ಇಂಥ ದಾರದ ಚೆಂಡನ್ನು ಅಮೆರಿಕದ ಹ್ಯಾಸ್ಕೆಲ್ ಎಂಬುವರು 1898ರಲ್ಲಿ ಕಂಡುಹಿಡಿದರು. ಸುಮಾರು ನೂರು ವರ್ಷ ಅದೇ ನಡೆಯಿತು. 2000ದ ಅಕ್ಟೋಬರ್‌ನಲ್ಲಿ ಟೈಟಲಿಸ್ಟ್ ಕಂಪನಿಯ ಪ್ರೊ ವಿ1 ಬಂತು. ಗಟ್ಟಿ ರಬ್ಬರ್ ಉಂಡೆ, ಮೇಲೆ ಯುರೇಥೇನ್. ಅದಾದಮೇಲೆ ಕೆಲವೇ ವರ್ಷಗಳಲ್ಲಿ ದಾರದ ಚೆಂಡು ದೊಡ್ಡ ಪಂದ್ಯಗಳಿಂದ ಮಾಯವಾಯಿತು. (ಮಕ್ಕಳು ಯಾರೂ ಚೆಂಡು ಕತ್ತರಿಸಲು ಹೋಗಬೇಡಿ. ಹಳೇ ಚೆಂಡುಗಳಲ್ಲಿ ಕೆಲವಕ್ಕೆ ನಡುವೆ ದ್ರವ ತುಂಬಿದ ಪುಟ್ಟ ಚೀಲ ಇರುತ್ತದೆ. ಕಣ್ಣಿಗೆ ಸಿಡಿದರೆ ಅಪಾಯ.)

ವರ್ನಿಯರ್ ಹಿಡಿದು ಅಳೆದೆ, ತೂಕವನ್ನೂ ನೋಡಿದೆ. ನಿಯಮದ ಪ್ರಕಾರ ಚೆಂಡು 42.67 ಮಿಲಿಮೀಟರ್‌ಗಿಂತ ಚಿಕ್ಕದಿರಬಾರದು, 45.93 ಗ್ರಾಂಗಿಂತ ಜಾಸ್ತಿ ತೂಗಬಾರದು. ಹೊಸ ಚೆಂಡುಗಳೆಲ್ಲ ಸರಿಯಾಗಿದ್ದವು. ಮೂರು ಪಟ್ಟು ಬೆಲೆ ಕೊಟ್ಟದ್ದಕ್ಕೆ ಅಳತೆಯಲ್ಲಾಗಲೀ ತೂಕದಲ್ಲಾಗಲೀ ಏನೂ ಹೆಚ್ಚು ಸಿಗುವುದಿಲ್ಲ. ವ್ಯತ್ಯಾಸ ಇರುವುದು ಆ ಸಿಪ್ಪೆಯಲ್ಲಿ.

ಅಂಗಡಿಯಲ್ಲಿ ಕೇಳಿದರೆ ಮೊದಲು ದೂರದ ಮಾತು ಬರುತ್ತದೆ. ‘ಸಾರ್, ಇದು ಹತ್ತು ಗಜ ಮುಂದೆ ಹೋಗುತ್ತದೆ.’ ಇನ್‌ಸ್ಪೆಕ್ಷನ್ ಕೆಲಸಕ್ಕೆ ಸೇರಿದ ಮೊದಲ ವಾರವೇ ನಮಗೆ ಒಂದು ಪಾಠ ಹೇಳಿಕೊಟ್ಟಿದ್ದರು. ಗೇಜ್‌ನ, ಅಂದರೆ ಅಳೆಯುವ ಸಾಧನದ ತಪ್ಪೇ ದೊಡ್ಡದಿದ್ದರೆ ಅದರಲ್ಲಿ ಸಣ್ಣ ವ್ಯತ್ಯಾಸ ಅಳೆಯಬೇಡ. ದೂರ ಹೊಡೆಯುವ ಉದ್ದನೆ ಕೋಲು, ಅಂದರೆ ಡ್ರೈವರ್ ಹಿಡಿದಾಗ ನಾನೇ ಆ ಕೆಟ್ಟ ಗೇಜ್. ಒಂದೇ ಬಗೆಯ ಚೆಂಡನ್ನು ಹತ್ತು ಸಲ ಹೊಡೆದರೆ ಹತ್ತು ಕಡೆ ಬೀಳುತ್ತದೆ. ಮುಂದಿನದಕ್ಕೂ ಹಿಂದಿನದಕ್ಕೂ ಮೂವತ್ತು ಗಜ ಅಂತರ. ಇಂಥವನಿಗೆ ಚೆಂಡು ಕೊಡುವ ಐದಾರು ಗಜ ಹೇಗೆ ಗೊತ್ತಾಗಬೇಕು? ಚೆಂಡು ಇಷ್ಟಕ್ಕಿಂತ ಜಾಸ್ತಿ ವೇಗ, ಜಾಸ್ತಿ ದೂರ ಹೋಗಬಾರದು ಎಂಬ ಮಿತಿಯನ್ನು ನಿಯಮವೇ ಹಾಕಿದೆ. ಹಾಗಾಗಿ ದೂರಕ್ಕಾಗಿ ದುಡ್ಡು ಕೊಡಬೇಡಿ. ಇಷ್ಟರಮಟ್ಟಿಗೆ ನಿಮ್ಮ ಲೇಖಕರ ಮಾತು ಸರಿ.

ಆದರೆ ಡ್ರೈವರ್ ನನ್ನ ಕೈಗೆ ಬರುವುದು 18 ಹೋಲ್‌ಗೆ ಹೆಚ್ಚೆಂದರೆ 14 ಸಲ. ಮಿಕ್ಕ ಎಂಬತ್ತು ಚಿಲ್ಲರೆ ಹೊಡೆತ ಎಲ್ಲಿ ಹೋಗುತ್ತವೆ? ಜಾಸ್ತಿ ಪಾಲು ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ಇಲ್ಲಾ ಅದರ ಆಸುಪಾಸಿನಲ್ಲಿ. ಅಲ್ಲಿ ಚೆಂಡು ಮುಖ್ಯ, ತುಂಬಾ ಮುಖ್ಯ.

ಗ್ರೀನ್‌ನಿಂದ 30 ಗಜ ದೂರ ನಿಂತು ಎರಡೂ ಬಗೆಯ ಹತ್ತು ಹತ್ತು ಚೆಂಡು ಹೊಡೆದು ನೋಡಿದೆ. ಅದೇ ವೆಜ್ (ಹತ್ತಿರದ ಹೊಡೆತಕ್ಕೆ ಬಳಸುವ ಕೋಲು), ಅದೇ ಹೊಡೆತ. ಪ್ಲಾಸ್ಟಿಕ್ ಸಿಪ್ಪೆಯ ಚೆಂಡು ವೆಜ್‌ನ ಮುಖದ ಮೇಲೆ ಜಾರಿ ಸ್ವಲ್ಪ ಎತ್ತರಕ್ಕೆ ಹಾರುತ್ತದೆ, ಬಿದ್ದ ಮೇಲೆ ಉರುಳುತ್ತಾ ಹೋಗುತ್ತದೆ. ಯುರೇಥೇನ್ ಚೆಂಡು ತಗ್ಗಿನಲ್ಲೇ ಹೋಗುತ್ತದೆ. ಒಂದು ಪುಟಿತ, ಎರಡು ಪುಟಿತ, ಆಮೇಲೆ ಬ್ರೇಕ್ ಹಾಕಿದಂತೆ ನಿಲ್ಲುತ್ತದೆ. ಮೆತ್ತನೆ ಸಿಪ್ಪೆ ವೆಜ್‌ನ ಗೀರುಗಳಿಗೂ ಒಳಗಿನ ಗಟ್ಟಿ ಪದರಕ್ಕೂ ನಡುವೆ ಸಿಕ್ಕಿ ಹಿಡಿದುಕೊಳ್ಳುತ್ತದೆ. ಅದರಿಂದ ಸ್ಪಿನ್ ಜಾಸ್ತಿ ಬರುತ್ತದೆ. ಹೆಜ್ಜೆ ಹಾಕಿ ಅಳೆದೆ. ನಾಲ್ಕೈದು ಹೆಜ್ಜೆ ಅಂತರ. ಐದಡಿಯ ಪಟ್ (ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ಒಂದು ಸಲಕ್ಕೆ ಮುಗಿಯಬಹುದು. ಇಪ್ಪತ್ತಡಿಯದು ನನ್ನ ಕೈಲಿ ಎರಡು ಸಲ, ಕೆಲವೊಮ್ಮೆ ಮೂರು. ಇಲ್ಲಿ ನನ್ನ ಕೈಯ ತಪ್ಪಿಗಿಂತ ಚೆಂಡಿನ ವ್ಯತ್ಯಾಸವೇ ದೊಡ್ಡದು. ಆದ್ದರಿಂದ ಇದು ಅಳತೆಗೆ ಸಿಗುತ್ತದೆ.

ಬೆಂಗಳೂರಿನ ಅದಿತಿ ಅಶೋಕ್ ಅವರನ್ನೇ ನೋಡಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್‌ನಲ್ಲಿ, ನಾಲ್ಕನೇ ಸ್ಥಾನಕ್ಕೆ ಬಂದರು. ಪದಕ ಒಂದೇ ಹೊಡೆತದಲ್ಲಿ ತಪ್ಪಿತು. ಅವರ ಜೊತೆ ಆಡಿದವರೆಲ್ಲ ಅವರಿಗಿಂತ ಎಷ್ಟೋ ಮುಂದೆ ಹೊಡೆಯುತ್ತಿದ್ದರು. ಆಕೆ ಅಲ್ಲಿಯವರೆಗೆ ಬಂದದ್ದು ಗ್ರೀನ್ ಹತ್ತಿರದ ಆಟದಿಂದ, ಪಟಿಂಗ್‌ನಿಂದ. ಆ ಬೆಳಿಗ್ಗೆ ಟಿವಿ ಮುಂದೆ ಕೂತವನು ನಾನು ಎದ್ದಿರಲಿಲ್ಲ.

‘ಸಾಫ್ಟ್’ ಎಂಬ ಮಾತಿನ ಬಗ್ಗೆಯೂ ಒಂದು ಎಚ್ಚರಿಕೆ ಹೇಳಬೇಕು. ಡಬ್ಬದ ಮೇಲೆ ಸಾಫ್ಟ್ ಅಂತಿದ್ದರೆ ಗ್ರೀನ್ ಮೇಲೆ ಬೇಗ ನಿಲ್ಲುತ್ತದೆ ಅಂತ ಜನ ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಅಲ್ಲಿ ಮೆತ್ತಗಿರುವುದು ಒಳಗಿನ ಉಂಡೆ, ಸಿಪ್ಪೆಯಲ್ಲ. ಇಂಥ ಎಷ್ಟೋ ಚೆಂಡುಗಳಿಗೆ ಮೇಲಿರುವುದು ಅದೇ ಜಾರುವ ಪ್ಲಾಸ್ಟಿಕ್. ಡಬ್ಬ ತಿರುಗಿಸಿ ಯುರೇಥೇನ್ ಎಂಬ ಪದ ಇದೆಯಾ ನೋಡಿ. ಅದೊಂದೇ ಪದ ಸಾಕು. ಇನ್ನೊಂದು, ಡಿಸೆಂಬರ್ ಜನವರಿಯಲ್ಲಿ ನಮ್ಮ ತಳಿ ಕಡೆ ಬೆಳಿಗ್ಗೆ ಚಳಿ ಚೆನ್ನಾಗಿರುತ್ತದೆ. ರಾತ್ರಿಯೆಲ್ಲಾ ಸ್ಕೂಟರ್ ಡಿಕ್ಕಿಯಲ್ಲಿ ತಣ್ಣಗಾದ ಚೆಂಡು ಸರಿಯಾಗಿ ಪುಟಿಯುವುದಿಲ್ಲ. ರಬ್ಬರ್ ಗುಣವೇ ಅದು. ಮನೆಯೊಳಗೆ ಇಡಿ.

ಈಗ ನನ್ನ ನಾಲ್ಕು ವರ್ಷದ ವಿಷಯ. ಆಗ ನಾನು ಸಿಕ್ಕ ಸಿಕ್ಕ ಚೆಂಡಿನಲ್ಲಿ ಆಡುತ್ತಿದ್ದೆ. ಒಂದು ಹೋಲ್‌ಗೆ ಒಂದು, ಅದು ಕಳೆದರೆ ಇನ್ನೊಂದು. ಮಧ್ಯೆ ಒಂದು ಅಂಗಡಿಯಲ್ಲಿ ಒಳ್ಳೆ ಕಂಪನಿಯ ಚೆಂಡು ಅರ್ಧ ಬೆಲೆಗೆ ಅಂದರು. ಮೂರು ಡಜನ್ ತಂದೆ. ಫಳಫಳ ಹೊಳೆಯುತ್ತಿದ್ದವು. ಹೊಡೆದರೆ ಮಾತ್ರ ಗಾಳಿಯಲ್ಲಿ ಸತ್ತಂತೆ ಬೀಳುತ್ತಿದ್ದವು. ನನ್ನ ಸ್ವಿಂಗ್ ಕೆಟ್ಟಿದೆ ಅಂದುಕೊಂಡು ಎರಡು ತಿಂಗಳು ಕೈ ತಿದ್ದಿದೆ, ಹಿಡಿತ ಬದಲಾಯಿಸಿದೆ. ಕೊನೆಗೆ ಒಂದು ದಿನ ಚೆಂಡಿನ ಮೇಲೆ ಉಗುರು ತಾಗಿ ಬಣ್ಣ ಸುಲಿಯಿತು. ಒಳಗೆ ಹಳೇ ಗಾಯ, ಹಳೇ ಮಾಸಲು ಬಿಳಿ. ಕೆರೆಯಿಂದ ಎತ್ತಿದ ಚೆಂಡಿಗೆ ಬಣ್ಣ ಹೊಡೆದು ಮೊಹರು ಒತ್ತಿದ್ದರು.

ಚೆಂಡಿನ ಮೇಲಿನ ಗುಳಿಗಳು ಅಂದಕ್ಕಿರುವುದಲ್ಲ. ಒಂದು ಚೆಂಡಿನ ಮೇಲೆ ಮುನ್ನೂರು ನಾನೂರು ಗುಳಿ ಇರುತ್ತವೆ. ಆಳ ಕಾಲು ಮಿಲಿಮೀಟರ್ ಆಸುಪಾಸು. ಚೆಂಡಿಗೆ ಅಂಟಿಕೊಂಡಿರುವ ಗಾಳಿಯನ್ನು ಅವು ಕದಡುತ್ತವೆ. ಆ ಗಾಳಿ ಚೆಂಡಿನ ಬೆನ್ನಿನವರೆಗೂ ಅಂಟಿಕೊಂಡು ಹೋಗುತ್ತದೆ, ಹಿಂದಿನಿಂದ ಎಳೆಯುವ ಸುಳಿ ಚಿಕ್ಕದಾಗುತ್ತದೆ. ಗುಳಿಯೇ ಇಲ್ಲದ ನುಣ್ಣನೆ ಚೆಂಡು ಹೆಚ್ಚುಕಡಿಮೆ ಅರ್ಧ ದೂರಕ್ಕೇ ಬಿದ್ದುಬಿಡುತ್ತದೆ. 1848ರ ಹೊತ್ತಿಗೆ ಗಟ್ಟಾಪರ್ಚಾ ಎಂಬ ಮರದ ಅಂಟಿನ ಚೆಂಡು ಬಂದಾಗ, ಹೊಸತಕ್ಕಿಂತ ಏಟು ತಿಂದು ಗೀರುಬಿದ್ದ ಚೆಂಡೇ ಚೆನ್ನಾಗಿ ಹಾರುತ್ತದೆ ಎಂದು ಆಡುವವರೇ ಗಮನಿಸಿದ್ದರು. ಗುಳಿಯ ಯೋಚನೆ ಶುರುವಾದದ್ದು ಅಲ್ಲಿಂದ. ಕಾಲು ಮಿಲಿಮೀಟರ್ ಆಳದ ಗುಳಿಯಲ್ಲಿ ಬಣ್ಣ ತುಂಬಿದರೆ ಏನುಳಿಯುತ್ತದೆ ಹೇಳಿ. ಕೆರೆಯಿಂದ ತೆಗೆದದ್ದನ್ನು ತೊಳೆದು ಹಾಗೇ ಮಾರಿದರೆ ತಪ್ಪಿಲ್ಲ, ಧಾರಾಳವಾಗಿ ಕೊಳ್ಳಿ. ಬಣ್ಣ ಹೊಡೆದದ್ದು ಬೇಡ.

ನನಗೆ ಬೇಸರವಾದದ್ದು ಹೋದ ದುಡ್ಡಿಗಲ್ಲ. ತಪ್ಪು ಎಲ್ಲಿದೆ ಎಂದು ತಿಳಿಯದೆ ಸರಿಯಿದ್ದ ಕೈಯನ್ನು ಕೆಡಿಸಿಕೊಂಡೆನಲ್ಲ, ಅದಕ್ಕೆ. ಕಾರ್ಖಾನೆಯಲ್ಲಿ ಮಾಲು ಕೆಟ್ಟರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡುತ್ತೇವೆ. ಅಚ್ಚು, ಶಾಖ, ಸಮಯ ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಯಾಯಿತು ಅಂತಲೇ ಗೊತ್ತಾಗುವುದಿಲ್ಲ. ಗಾಲ್ಫ್‌ನಲ್ಲಿ ನಾವು ಕೈಯನ್ನೂ ಬದಲಾಯಿಸುತ್ತೇವೆ, ಚೆಂಡನ್ನೂ ಬದಲಾಯಿಸುತ್ತೇವೆ. ಹಾಗಾದರೆ ಕಲಿಯುವುದು ಹೇಗೆ? ವೃತ್ತಿಪರರು ಒಂದು ಸುತ್ತಿನಲ್ಲಿ ಒಂದೇ ಬಗೆಯ ಚೆಂಡು ಬಳಸಬೇಕು ಎಂದು ಅವರ ಪಂದ್ಯಗಳಲ್ಲಿ ನಿಯಮ ಇರುತ್ತದೆ. ನಮಗೆ ಆ ಕಟ್ಟು ಇಲ್ಲ. ಆದರೂ ನಾವೇ ಹಾಕಿಕೊಳ್ಳಬೇಕು. ನಾನು ಈಗ ಆಡುವುದು ನಡುಬೆಲೆಯ, ಮೂರು ಪದರದ ಯುರೇಥೇನ್ ಚೆಂಡು. ಒಂದು ಆಟಕ್ಕೆ ಆರು ಚೆಂಡು ಕಳೆಯುವವರು ಕಡಿಮೆ ಬೆಲೆಯದನ್ನೇ ಕೊಳ್ಳಿ, ಆದರೆ ಪ್ರತಿ ಸಲ ಅದನ್ನೇ ಕೊಳ್ಳಿ.

ಇದನ್ನು ನನಗಿಂತ ಚೆನ್ನಾಗಿ ತೋರಿಸಿಕೊಟ್ಟವನು ನನ್ನ ಕ್ಯಾಡಿ, ಅಂದರೆ ಆಡುವಾಗ ನನ್ನ ಕಿಟ್ ಹೊತ್ತು ಜೊತೆಗೆ ಬರುವವನು. ಹತ್ತೊಂಬತ್ತರ ಹುಡುಗ, ನಮ್ಮ ತಳಿಯ ಪಕ್ಕದ ಹಳ್ಳಿಯವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಓದಿದ್ದು ತಮಿಳು. ಅವನ ಸ್ವಿಂಗ್ ನೋಡಿದರೆ ಕಣ್ಣಿಗೆ ಹಬ್ಬ. ಆದರೆ ಅಭ್ಯಾಸಕ್ಕೆ ಅವನ ಹತ್ತಿರ ಇದ್ದದ್ದು ಪೊದೆಯಲ್ಲಿ ಸಿಕ್ಕ ಹದಿನೈದು ಬಗೆಯ ಚೆಂಡು. ಗ್ರೀನ್ ಹತ್ತಿರ ಒಂದು ಮುಂದೆ ಓಡುವುದು, ಒಂದು ಹಿಂದೆ ಉಳಿಯುವುದು. ‘ನನ್ನ ಕೈಯೇ ಸರಿಯಿಲ್ಲ ಸಾರ್’ ಅನ್ನುತ್ತಿದ್ದ. ‘ಕೈ ಸರಿಯಿದೆ ಕಣಪ್ಪಾ, ಚೆಂಡು ನೋಡು’ ಅಂದೆ. ನಂಬಲಿಲ್ಲ. ಒಂದೇ ಬಗೆಯ ಎರಡು ಡಜನ್ ಚೆಂಡು ತಂದುಕೊಟ್ಟೆ. ದುಬಾರಿಯದಲ್ಲ. ಎರಡು ತಿಂಗಳಲ್ಲಿ ಅವನ ಚಿಪ್ (ಗ್ರೀನ್ ಹತ್ತಿರದ ಸಣ್ಣ ಹೊಡೆತ) ಎಲ್ಲಿ ಬಿದ್ದು ಎಷ್ಟು ಉರುಳುತ್ತದೆ ಎಂದು ಹೊಡೆಯುವ ಮೊದಲೇ ನನಗೆ ಬೆರಳು ತೋರಿಸಿ ಹೇಳುವಂತಾದ.

ಅದಕ್ಕೇ ನಿಮ್ಮ ಮೂಲಕ ಒಂದು ಮನವಿ. ಗಾಲ್ಫ್ ಆಡುವ ಓದುಗರೇ, ನಿಮ್ಮ ಹಳೇ ಚೆಂಡುಗಳನ್ನು ಕ್ಯಾಡಿ ಹುಡುಗರಿಗೆ ಕೊಡುವಾಗ ಕಲಸುಮೇಲೋಗರ ಮಾಡಿ ಕೊಡಬೇಡಿ. ಒಂದೊಂದು ಬಗೆಯದನ್ನು ಒಂದೊಂದು ಚೀಲಕ್ಕೆ ಹಾಕಿ ಕೊಡಿ. ಕ್ಲಬ್ಬಿನವರು ತಮ್ಮ ಕೆರೆಯಿಂದ ತೆಗೆಸುವ ಚೆಂಡುಗಳಲ್ಲೂ ಹೀಗೆ ಮಾಡಬಹುದು. ಆರಿಸಲು ಅರ್ಧ ಗಂಟೆ ಸಾಕು. ಖರ್ಚೇನೂ ಇಲ್ಲ. ಬಿಡದಿ ಹತ್ತಿರದ ಹಳ್ಳಿಯಿಂದ ಬಂದು ವೃತ್ತಿಪರ ಆಟಗಾರರಾದ ಚಿಕ್ಕರಂಗಪ್ಪ ಅವರ ಹೆಸರು ಈ ಹುಡುಗರಿಗೆಲ್ಲ ಗೊತ್ತು. ಈ ಹುಡುಗರ ಕೈಗೆ ಸರಿಯಾದ ಅಳತೆಗೋಲು ಕೊಡುವುದು ನಮ್ಮ ಕೆಲಸ ಅಲ್ವಾ?

ಚೆಂಡು ಗುರುತಿಸಲು ಪ್ರತಿಯೊಬ್ಬರೂ ಏನಾದರೂ ಬರೆದುಕೊಳ್ಳುತ್ತಾರೆ. ನಾನು ಊರಿನ ನೆನಪಿಗೆ ‘ತ’ ಎಂದು ಬರೆಯುತ್ತೇನೆ. ನಮ್ಮ ಮೈದಾನದಲ್ಲಿ ಕನ್ನಡ ಅಕ್ಷರ ಇರುವ ಚೆಂಡು ನನ್ನದೊಂದೇ ಇತ್ತು. ಹುಡುಗ ತನ್ನ ಹೆಸರಿನ ಮೊದಲ ಅಕ್ಷರ ಹೇಳಿಕೊಡಿ ಅಂದ. ಸ್ಕೋರ್ ಕಾರ್ಡಿನ ಹಿಂದೆ ‘ಮ’ ಬರೆದು ತೋರಿಸಿದೆ. ಮೊದಲ ಡಜನ್ ಪೂರ್ತಿ ಕೊನೆಯ ಸುರುಳಿ ಮರೆತು ‘ವ’ ಎಂದೇ ಬರೆದಿದ್ದ. ಮೊನ್ನೆ ಹನ್ನೊಂದನೇ ಹೋಲ್ ಹತ್ತಿರ ಹುಲ್ಲಿನಲ್ಲಿ ಒಂದು ಚೆಂಡು ಸಿಕ್ಕಿತು. ತಿರುಗಿಸಿ ನೋಡಿದೆ. ‘ಮ’, ಸುರುಳಿ ಸಮೇತ. ಜೇಬಿಗೆ ಹಾಕಿಕೊಂಡು ಹೋಗಿ ಅವನ ಚೀಲಕ್ಕೆ ಸೇರಿಸಿದೆ.

ಇಂತಿ ನಿಮ್ಮ ಓದುಗ,
ನಿವೃತ್ತ ಕ್ವಾಲಿಟಿ ಇನ್‌ಸ್ಪೆಕ್ಟರ್
ತಳಿ, ಕೃಷ್ಣಗಿರಿ ಜಿಲ್ಲೆ