ಶನಿವಾರ ರಾತ್ರಿಯ ದಾಂಪತ್ಯ ಸಲಹೆ ಕಾರ್ಯಕ್ರಮದ ವಿರುದ್ಧ ದೂರು

ಇವರಿಗೆ,
ದೂರು ಪರಿಹಾರ ಅಧಿಕಾರಿಗಳು,
ವಾಹಿನಿಯ ಕಚೇರಿ, ಬೆಂಗಳೂರು

ವಿಷಯ: ಜಾಹೀರಾತನ್ನು ವೈದ್ಯರ ಸಲಹೆಯೆಂದು ತೋರಿಸಿ ಹೃದಯದ ತೊಂದರೆ ಇರುವವರಿಗೆ ಲೈಂಗಿಕ ಶಕ್ತಿಯ ಮಾತ್ರೆ ಮಾರಿದ ಬಗ್ಗೆ.

ಮಾನ್ಯರೇ,

ನಾನು ಶಿಡ್ಲಘಟ್ಟದವಳು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾಗಿದ್ದೇನೆ. ನಮ್ಮ ಯಜಮಾನರು ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್, ವಯಸ್ಸು 63. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆಯಿದೆ. ಎರಡು ವರ್ಷದ ಹಿಂದೆ ಎದೆನೋವು ಬಂದಾಗಿನಿಂದ ನಾಲಿಗೆಯ ಕೆಳಗೆ ಇಡುವ ಮಾತ್ರೆ ಅವರ ಅಂಗಿಯ ಜೇಬಿನಲ್ಲೇ ಇರುತ್ತದೆ. ಇವೆರಡನ್ನೂ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಕಾರ್ಯಕ್ರಮದಲ್ಲಿ ಬಿಳಿ ಕೋಟು ತೊಟ್ಟು ಕುಳಿತವರು ಇವನ್ನು ಕೇಳಲೇ ಇಲ್ಲ.

ನಿಮಿರುವಿಕೆಯ ತೊಂದರೆಗೆ ಪರಿಹಾರ ಕೇಳಿ ಯಜಮಾನರು ಒಂದು ಶನಿವಾರ ರಾತ್ರಿ ನಿಮ್ಮ ಕಾರ್ಯಕ್ರಮಕ್ಕೆ ಕರೆ ಮಾಡಿದ್ದರು. ಆ ಬಿಳಿ ಕೋಟಿನವರು ಕೇಳಿದ್ದು ವಯಸ್ಸೆಷ್ಟು, ಮದುವೆಯಾಗಿ ಎಷ್ಟು ವರ್ಷ ಎಂಬ ಎರಡೇ ಪ್ರಶ್ನೆ. ನಡುವೆ ನಿಮ್ಮ ನಿರೂಪಕಿ "ಮನೆಯವರು ಏನು ಹೇಳುತ್ತಾರೆ?" ಎಂದು ನಕ್ಕರಂತೆ. ಆ ಮನೆಯವಳು ನಾನೇ, ಒಳಗೆ ಮಲಗಿದ್ದೆ. ಇವರು ಹೆಸರು ಬದಲಿಸಿ, ಊರು ಬದಲಿಸಿ, ಹಜಾರದಲ್ಲಿ ಪಿಸುದನಿಯಲ್ಲಿ ಮಾತನಾಡಿದ್ದಾರೆ. ಮರುದಿನ ಔಷಧದವರಿಂದ ಕರೆ ಬಂದಿದೆ. ಐದನೆಯ ದಿನ ಕೊರಿಯರ್ ಹುಡುಗ 7,200 ರೂಪಾಯಿ ಎಣಿಸಿಕೊಂಡು ಡಬ್ಬಿ ಕೊಟ್ಟು ಹೋಗಿದ್ದಾನೆ. ರೀಲಿಂಗ್ ಘಟಕದ ಮೇಜಿನ ಖಾನೆಯಲ್ಲಿ, ಗೂಡು ಮಾರುಕಟ್ಟೆಯ ಚೀಟಿಗಳ ಅಡಿಯಲ್ಲಿ ಅದನ್ನು ಬಚ್ಚಿಟ್ಟಿದ್ದರು.

ಒಂದು ಮಂಗಳವಾರ ರಾತ್ರಿ ಊಟವಾದ ಮೇಲೆ ಒಂದು ಕ್ಯಾಪ್ಸೂಲ್ ನುಂಗಿದ್ದಾರೆ. ಮುಕ್ಕಾಲು ಗಂಟೆಯಲ್ಲಿ ಮುಖ ಕೆಂಪೇರಿತು, ತಲೆ ಸಿಡಿಯುತ್ತಿದೆ ಎಂದರು. ಎದೆ ಹಿಡಿದಂತಾಗುತ್ತಿದೆ ಎಂದಾಗ ನಾನೇ ನನ್ನ ಕೈಯಾರೆ ನಾಲಿಗೆಯ ಕೆಳಗೆ ಮಾತ್ರೆ ಇಟ್ಟೆ. ಸ್ವಲ್ಪ ಹೊತ್ತಿಗೆ ಮಂಚದಿಂದ ಏಳಹೋದವರು ಹಾಗೆಯೇ ಕುಸಿದರು. ಹಣೆಯ ಮೇಲಿನ ಬೆವರು ತಣ್ಣಗಿತ್ತು.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ವೈದ್ಯೆ ನಮ್ಮ ಮಗಳಿಗಿಂತ ಚಿಕ್ಕವರು. "ಸರ್, ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಂಡಿದ್ದೀರಾ?" ಎಂದಾಗ ಇವರು ಗೋಡೆಯ ಕಡೆ ಮುಖ ತಿರುಗಿಸಿದರು. ಆಕೆ ಪರದೆ ಎಳೆದು, ಜ್ವರ ಎಷ್ಟು ದಿನದಿಂದ ಎಂದು ಕೇಳುವ ದನಿಯಲ್ಲೇ ಮತ್ತೊಮ್ಮೆ ಕೇಳಿದರು. ಆಗ ಬಾಯಿ ಬಿಟ್ಟರು.

ಡಬ್ಬಿಯ ಮೇಲೆ ಅಶ್ವಗಂಧ, ಶಿಲಾಜಿತು, ಸಫೇದ್ ಮುಸ್ಲಿ ಎಂದಿದೆ. ತಯಾರಿಕೆಯ ಪರವಾನಗಿ ಸಂಖ್ಯೆ ಎಲ್ಲಿಯೂ ಇಲ್ಲ. ಒಳಗೆ ವಯಾಗ್ರದಲ್ಲಿರುವ ಸಿಲ್ಡೆನಾಫಿಲ್ ಬೆರೆಸಿರಬಹುದು ಎಂಬುದು ವೈದ್ಯೆಯ ಅನುಮಾನ. ನಿಜವೋ ಅಲ್ಲವೋ ಪ್ರಯೋಗಾಲಯ ಹೇಳಲಿ. ಸಿಲ್ಡೆನಾಫಿಲ್ ಕೆಟ್ಟ ಔಷಧವೇನಲ್ಲ. ಎದೆನೋವಿನ ಚಿಕಿತ್ಸೆಗೆಂದು ಪ್ರಯೋಗಿಸುತ್ತಿದ್ದಾಗ ನಿಮಿರುವಿಕೆಗೆ ನೆರವಾಗುವ ಅದರ ಗುಣ ಗೊತ್ತಾಗಿ, 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ವೈದ್ಯರ ಚೀಟಿ ಇದ್ದರೆ ಮೆಡಿಕಲ್ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಇವರು ನಾಲಿಗೆಯ ಕೆಳಗೆ ಇಡುವಂಥ ಎದೆನೋವಿನ ನೈಟ್ರೇಟ್ ಮಾತ್ರೆಯ ಜೊತೆ ಸೇರಿದರೆ ರಕ್ತನಾಳಗಳು ಅತಿಯಾಗಿ ಸಡಿಲಗೊಂಡು ರಕ್ತದೊತ್ತಡ ಪಾತಾಳಕ್ಕೆ ಇಳಿಯುತ್ತದೆ. ಎದೆನೋವಿನ ಮಾತ್ರೆ ಬಳಸುತ್ತೀರಾ ಎಂಬುದೇ ಚೀಟಿ ಬರೆಯುವ ವೈದ್ಯರು ಮೊದಲು ಕೇಳಬೇಕಾದ ಪ್ರಶ್ನೆ.

ಆಕೆ ಇನ್ನೊಂದು ಮಾತು ಹೇಳಿದರು. ಸಕ್ಕರೆ ಕಾಯಿಲೆ ನರಗಳನ್ನೂ ಸಣ್ಣ ರಕ್ತನಾಳಗಳನ್ನೂ ಕೆಡಿಸುತ್ತದೆ. ಜನನಾಂಗದ ನಾಳಗಳು ಹೃದಯದ ನಾಳಗಳಿಗಿಂತ ಸಣ್ಣವಾದ್ದರಿಂದ, ನಿಮಿರುವಿಕೆಯ ತೊಂದರೆ ಎದೆನೋವಿಗೆ ಕೆಲವು ವರ್ಷ ಮೊದಲೇ ಕಾಣಿಸಿಕೊಳ್ಳುವುದುಂಟು. ಒಂಬತ್ತು ವರ್ಷ ಇವರ ಕಣ್ಣು ನೋಡಿದ, ಪಾದ ನೋಡಿದ ಸಕ್ಕರೆ ವೈದ್ಯರು ಇದೊಂದನ್ನು ಕೇಳಿರಲಿಲ್ಲ. ಇವರು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಹತ್ತನೆಯ ತರಗತಿಯ ಸಂತಾನೋತ್ಪತ್ತಿ ಪಾಠವನ್ನು "ಮನೆಯಲ್ಲಿ ಓದಿಕೊಳ್ಳಿ" ಎಂದು ವರ್ಷವರ್ಷವೂ ದಾಟಿಸಿದವಳು ನಾನು. ಆ ತಪ್ಪು ನನ್ನ ಲೆಕ್ಕದಲ್ಲಿರಲಿ. ನಮ್ಮೆಲ್ಲರ ನಾಚಿಕೆಯನ್ನು ಬಂಡವಾಳ ಮಾಡಿಕೊಂಡದ್ದು ನಿಮ್ಮ ಲೆಕ್ಕ.

ಆಮೇಲೆ ಮೂರು ಶನಿವಾರ ಎಚ್ಚರವಿದ್ದು ನಿಮ್ಮ ಕಾರ್ಯಕ್ರಮ ನೋಡಿದೆ. ಇಪ್ಪತ್ತೆರಡರ ಹುಡುಗನೊಬ್ಬ ಅಳುದನಿಯಲ್ಲಿ ಕರೆ ಮಾಡಿದರೆ, ಒಂದು ಹನಿ ವೀರ್ಯಕ್ಕೆ ನೂರು ಹನಿ ರಕ್ತ ಬೇಕು ಎಂದು ನಿಮ್ಮ ವೈದ್ಯರು ಅವನನ್ನು ಇನ್ನಷ್ಟು ಹೆದರಿಸಿದರು. ವೀರ್ಯದ ಬಹುಪಾಲು ವೀರ್ಯಕೋಶಿಕೆ ಮತ್ತು ಪ್ರಾಸ್ಟೇಟ್ ಗ್ರಂಥಿಗಳು ಸ್ರವಿಸುವ ದ್ರವ. ಈ ನೂರು ಹನಿಯ ಲೆಕ್ಕ ಯಾವ ಪುಸ್ತಕದ್ದು? ವೀರ್ಯ ಹೋದರೆ ಶಕ್ತಿಯೇ ಹೋಗುತ್ತದೆ ಎಂಬ ಈ ಭಯಕ್ಕೆ ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲೇ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಆ ಹುಡುಗನಿಗೆ ಬೇಕಾಗಿದ್ದದ್ದು ಸಮಾಧಾನದ ನಾಲ್ಕು ಮಾತು, ಡಬ್ಬಿಯಲ್ಲ.

ಮೂರು ವಾರದಲ್ಲಿ ಒಬ್ಬ ಹೆಂಗಸಿನ ಪ್ರಶ್ನೆಯೂ ಬರಲಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಕಡಿಮೆಯಾಗಿ ಒಳಗೆ ಒಣಗುತ್ತದೆ, ಕೂಡುವಾಗ ನೋಯುತ್ತದೆ, ಅದಕ್ಕೆ ಹಚ್ಚುವ ಮುಲಾಮು ಇದೆ ಎಂಬುದು ನನಗೇ ತಿಳಿದದ್ದು ಇತ್ತೀಚೆಗೆ. ನಾವಿಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಮಲಗತೊಡಗಿದ್ದಕ್ಕೆ ಕಾರಣ ಇವರೊಬ್ಬರಲ್ಲೇ ಇರಲಿಲ್ಲ. ನಿಮ್ಮ ಬಿಳಿ ಕೋಟಿಗೆ ಅದು ಬೇಕಿರಲಿಲ್ಲ, ಏಕೆಂದರೆ ಆ ಮುಲಾಮನ್ನು ಅವರು ಮಾರುವುದಿಲ್ಲ.

ನಿಮ್ಮ ಕಚೇರಿಗೆ ದೂರವಾಣಿ ಮಾಡಿದಾಗ, ಪರದೆಯ ಕೆಳಗೆ "ಅಭಿಪ್ರಾಯಗಳು ವಾಹಿನಿಯದಲ್ಲ" ಎಂದು ಬರೆದಿರುತ್ತದೆ ಎಂಬ ಉತ್ತರ ಸಿಕ್ಕಿತು. ಲೈಂಗಿಕ ಸಾಮರ್ಥ್ಯ ಹೆಚ್ಚಿಸುವ ಔಷಧವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ 3ನೆಯ ಕಲಂ ನಿಷೇಧಿಸುತ್ತದೆ. ಅಂಥ ಜಾಹೀರಾತಿನ ಪ್ರಕಟಣೆಯಲ್ಲಿ ಯಾರೂ ಪಾಲುಗೊಳ್ಳುವಂತಿಲ್ಲ ಎಂದೇ ಅಲ್ಲಿದೆ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಜಾಹೀರಾತು ಕಾರ್ಯಕ್ರಮದಿಂದ ಬೇರೆಯಾಗಿ ಕಾಣಬೇಕು ಎಂದು 1994ರ ಕೇಬಲ್ ಟಿವಿ ನಿಯಮಗಳೂ ಹೇಳುತ್ತವೆ. ಇರುವೆಯಷ್ಟು ಅಕ್ಷರದ ಆ ಒಂದು ಸಾಲು ನಿಮ್ಮನ್ನು ಕಾಪಾಡುವುದಿಲ್ಲ.

ಆದ್ದರಿಂದ ಈ ಕಾರ್ಯಕ್ರಮವನ್ನು ಕೂಡಲೇ ನಿಲ್ಲಿಸಿ. ಅದೇ ಶನಿವಾರದ ಅದೇ ಹೊತ್ತಿನಲ್ಲಿ, ಎದೆನೋವಿನ ಮಾತ್ರೆ ಬಳಸುವವರು ಈ ಡಬ್ಬಿಯನ್ನು ಮುಟ್ಟಬಾರದು ಎಂದು ದೊಡ್ಡ ಅಕ್ಷರದಲ್ಲಿ ಹಾಕಿ, ಗಟ್ಟಿಯಾಗಿ ಓದಿಸಿ. 7,200 ರೂಪಾಯಿಯನ್ನೂ ಆಸ್ಪತ್ರೆಯ ಖರ್ಚನ್ನೂ ತುಂಬಿಕೊಡಿ. ರಸೀದಿಗಳ ಪ್ರತಿ ಲಗತ್ತಿಸಿದ್ದೇನೆ. ಕೇಬಲ್ ಟಿವಿಯ 2021ರ ತಿದ್ದುಪಡಿ ನಿಯಮಗಳಂತೆ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ ನನಗೆ ತಲುಪಬೇಕು.

ಪತ್ರವನ್ನು ಯಜಮಾನರಿಗೆ ಓದಿ ಹೇಳಿಯೇ ಕಳುಹಿಸುತ್ತಿದ್ದೇನೆ. ಎರಡು ಸಾಲು ಹೊಡೆದುಹಾಕಿಸಿದರು, ಉಳಿದದ್ದು ಇರಲಿ ಎಂದರು. ಡಬ್ಬಿಯಲ್ಲಿ ಇನ್ನೂ 59 ಕ್ಯಾಪ್ಸೂಲ್‌ಗಳಿವೆ. ಅವನ್ನು ನಿಮಗೆ ಹಿಂದಿರುಗಿಸುವುದಿಲ್ಲ. ಸೋಮವಾರ ಔಷಧ ನಿಯಂತ್ರಣ ಇಲಾಖೆಯವರ ಕೈಗೆ ಕೊಟ್ಟು ರಸೀದಿ ಪಡೆಯುತ್ತೇನೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ