ಬೆಲ್ವೆಡೇರಿನ ಚಿನ್ನ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಾನು ವಿಯೆನ್ನಾಕ್ಕೆ ಹೊರಡುವ ಮುನ್ನ ಫೋನಿನಲ್ಲಿ ನೀನು ಕೇಳಿಕೊಂಡದ್ದು ಒಂದೇ ಮಾತು: “ಆ ಕ್ಲಿಮ್ಟ್ ಚಿನ್ನವನ್ನು ಹೇಗೆ ಕೂರಿಸಿದ್ದಾನೆ, ಹತ್ತಿರ ನಿಂತು ನೋಡಿ ಬರೆ.” ಇಷ್ಟು ವರ್ಷ ಮೈಸೂರು ಶೈಲಿಯ ಚಿತ್ರಗಳಿಗೆ ಚಿನ್ನದ ರೇಕು ಅಂಟಿಸುತ್ತಲೇ ಬಂದವನಿಗೆ ಬೇರೆ ಯಾವ ಪ್ರಶ್ನೆ ತಾನೇ ಹುಟ್ಟೀತು! ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಮುಗಿಸಬಹುದಿತ್ತು. ಆದರೆ ಆಸ್ಟ್ರಿಯಾದ ಚಿತ್ರಕಾರ ಗುಸ್ತಾವ್ ಕ್ಲಿಮ್ಟನ ‘ಚುಂಬನ’ವೆಂಬ ಆ ಚಿತ್ರವಿರುವ ಮನೆ, ಬೆಲ್ವೆಡೇರ್, ನನ್ನನ್ನು ಅಷ್ಟು ಸುಲಭವಾಗಿ ಒಳಗೆ ಬಿಡಲಿಲ್ಲ. ಆದ್ದರಿಂದ ಚಿನ್ನದ ಮಾತು ಬರುವವರೆಗೆ ನೀನು ಸ್ವಲ್ಪ ತಾಳಬೇಕು.

ಬೆಲ್ವೆಡೇರ್ ಎಂದರೆ ಒಂದು ಅರಮನೆಯಲ್ಲ, ಎರಡು. ಇಳಿಜಾರಿನ ಕೆಳತುದಿಯಲ್ಲಿ ಒಂದು, ಮೇಲ್ತುದಿಯಲ್ಲಿ ಇನ್ನೊಂದು, ನಡುವೆ ಅಳತೆಗೋಲು ಹಿಡಿದು ಕತ್ತರಿಸಿದಂತಿರುವ ಉದ್ಯಾನ. ಚಿತ್ರಗಳಿಗಾಗಿ ಬರುವವರು ಬಹುತೇಕ ಮೇಲಿನ ಅರಮನೆಯ ಬಾಗಿಲಿಗೇ ಬಂದಿಳಿಯುತ್ತಾರೆ. ನಾನು ಮಾತ್ರ ಬೇಕೆಂದೇ ಕೆಳಗಿನಿಂದ ಶುರುಮಾಡೋಣವೆಂದು 71ನೇ ನಂಬರಿನ ಟ್ರಾಮ್ ಹತ್ತಿದೆ. ಈ ಟ್ರಾಮ್ ಮುಂದೆ ಊರಿನ ದೊಡ್ಡ ಸ್ಮಶಾನದ ಕಡೆಗೆ ಹೋಗುವುದರಿಂದ ವಿಯೆನ್ನಾದವರು ಯಾರಾದರೂ ತೀರಿಕೊಂಡರೆ “71 ಹತ್ತಿದ” ಎನ್ನುತ್ತಾರಂತೆ. ನಮ್ಮಲ್ಲಿ “ಟಿಕೆಟ್ ತಗೊಂಡ” ಎನ್ನುವುದಿಲ್ಲವೇ, ಹಾಗೆ. ನಾನು ಟಿಕೆಟನ್ನೂ ತೆಗೆದುಕೊಂಡು, 71ನ್ನೂ ಹತ್ತಿ, ಕ್ಷೇಮವಾಗಿ ಅರಮನೆಯ ಬಳಿ ಇಳಿದೆ.

ಇದನ್ನು ಕಟ್ಟಿಸಿದವನು ರಾಜನಲ್ಲ, ದಂಡನಾಯಕ. ಹೆಸರು ಸವೊಯ್ ವಂಶದ ರಾಜಕುಮಾರ ಯೂಜೀನ್. 1663ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಈತನಿಗೆ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ತನ್ನ ಸೈನ್ಯದಲ್ಲಿ ಜಾಗ ಕೊಡಲಿಲ್ಲ. ಅದೇ ಸಿಟ್ಟಿಗೆ 1683ರಲ್ಲಿ, ಆಟೊಮನ್ ಸೈನ್ಯ ವಿಯೆನ್ನಾವನ್ನು ಮುತ್ತಿದ ಆ ವರ್ಷವೇ, ವಿಯೆನ್ನಾದಿಂದ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ವಂಶದ ಚಕ್ರವರ್ತಿಯ ಕಡೆ ಸೇರಿಕೊಂಡವನು ಮುಂದೆ ಅವರ ಅತಿ ದೊಡ್ಡ ಸೇನಾನಿಯಾದ. 1697ರಲ್ಲಿ ಆಟೊಮನ್ನರ ಮೇಲೆ ಜೆಂಟಾದ ಕದನ ಗೆದ್ದ. ಅದೇ ವರ್ಷ ಈ ಇಳಿಜಾರಿನ ಜಮೀನು ಕೊಂಡ. ಯೋಹಾನ್ ಲುಕಾಸ್ ಫಾನ್ ಹಿಲ್ಡೆಬ್ರಾಂಟ್ ಎಂಬ ವಾಸ್ತುಶಿಲ್ಪಿ ಅವನಿಗಾಗಿ 1714ರಿಂದ 1716ರವರೆಗೆ ಕೆಳಗಿನ ಅರಮನೆಯನ್ನೂ, 1717ರಿಂದ 1723ರವರೆಗೆ ಮೇಲಿನದನ್ನೂ ಕಟ್ಟಿದ. ಕೆಳಗಿನದು ಬೇಸಿಗೆಯ ವಾಸಕ್ಕೆ, ಮೇಲಿನದು ಬಂದ ಅತಿಥಿಗಳು ಕಣ್ಣರಳಿಸುವುದಕ್ಕೆ. ವಾಸಕ್ಕೆ ಬೇಡದ ಅರಮನೆಯೊಂದನ್ನು ಬರೀ ತೋರಿಕೆಗಾಗಿ ಕಟ್ಟಿಸುವ ಮನಸ್ಸನ್ನು ಅರ್ಥಮಾಡಿಕೊಂಡರೆ ಬರೋಕ್ ಶೈಲಿಯ ಅರ್ಧ ಗುಟ್ಟು ತಿಳಿದಂತೆ ಎಂದು ನನಗನಿಸಿತು.

ಉದ್ಯಾನದ ಏರು ಹತ್ತುವಾಗ ಆ ಗುಟ್ಟು ಕಾಲಿಗೂ ತಿಳಿಯುತ್ತದೆ. ಮೊದಲಿಗೆ ಮೇಲಿನ ಅರಮನೆ ಪೂರ್ತಿಯಾಗಿ ಕಾಣುತ್ತದೆ. ದಿಬ್ಬದ ಅಂಚು ಹತ್ತಿರವಾದಂತೆ ಅದರ ಬುಡ ಮರೆಯಾಗಿ ತಾಮ್ರದ ಹಸಿರು ಚಾವಣಿಯಷ್ಟೇ ಉಳಿಯುತ್ತದೆ. ಮೆಟ್ಟಿಲು ಮುಗಿಸಿ, ಹೆಣ್ಣಿನ ಮುಖ ಮತ್ತು ಸಿಂಹದ ಮೈಯುಳ್ಳ ಸ್ಫಿಂಕ್ಸುಗಳನ್ನು ದಾಟಿದೊಡನೆ ಇಡೀ ಕಟ್ಟಡ ಮತ್ತೆ ಎದ್ದು ಎದುರಿಗೆ ನಿಲ್ಲುತ್ತದೆ. ನಡೆಯುವವನನ್ನು ಹೀಗೆ ಆಟವಾಡಿಸಲೆಂದೇ ಈ ಇಳಿಜಾರನ್ನು ಬಳಸಿಕೊಂಡಿದ್ದಾರೆ. ಹಿಂತಿರುಗಿ ನೋಡಿದರೆ ಊರೆಲ್ಲ ಕೆಳಗಿದೆ, ನಡುವೆ ಸಂತ ಸ್ಟೀಫನ್ ಚರ್ಚಿನ ಗೋಪುರ. ಬೆಲ್ವೆಡೇರ್ ಎಂಬ ಇಟಾಲಿಯನ್ ಪದಕ್ಕೆ ಚೆಂದದ ನೋಟವೆಂದೇ ಅರ್ಥ.

ಹಿಂದಿನ ರಾತ್ರಿ ಮಳೆ ಬಂದಿತ್ತು. ಬಾಗಿಲು ಸೇರುವ ಹೊತ್ತಿಗೆ ನನ್ನ ಬೂಟಿನ ಅಂಚಿಗೆಲ್ಲ ಒದ್ದೆ ಜಲ್ಲಿಪುಡಿ ಮೆತ್ತಿಕೊಂಡು, ನಾನು ಕಾಲೊರೆಸಿನ ಮೇಲೆ ನಮ್ಮೂರ ಗದ್ದೆಯಿಂದ ಬಂದವನಂತೆ ತಿಕ್ಕುತ್ತಾ ನಿಂತೆ. ಆಗ ಹಿಂದೊಮ್ಮೆ ಓದಿದ್ದು ನೆನಪಾಗಿ ನಗು ಬಂತು. ಮದುವೆಯಾಗದೆಯೇ 1736ರಲ್ಲಿ ಯೂಜೀನ್ ತೀರಿಕೊಂಡ ಮೇಲೆ, ಉತ್ತರಾಧಿಕಾರಿಣಿಯಿಂದ 1752ರಲ್ಲಿ ಈ ಆಸ್ತಿಯನ್ನು ಹ್ಯಾಬ್ಸ್‌ಬರ್ಗ್ ರಾಣಿ ಮರಿಯಾ ತೆರೇಸಾ ಕೊಂಡಳು. ಆಕೆಯ ಕಾಲದಲ್ಲೇ ಅರಮನೆತನದ ಚಿತ್ರಸಂಗ್ರಹ ಇಲ್ಲಿಗೆ ಬಂತು, ಆಕೆ ತೀರಿಕೊಂಡ ಮೇಲೆ 1781ರಲ್ಲಿ ಸಾರ್ವಜನಿಕರಿಗೆ ಬಾಗಿಲೂ ತೆರೆಯಿತು. ಲೋಕದ ಮೊದಮೊದಲ ಸಾರ್ವಜನಿಕ ಚಿತ್ರಶಾಲೆಗಳಲ್ಲಿ ಇದೂ ಒಂದು. ಆ ಕಾಲದಲ್ಲಿ ವಾರಕ್ಕೆ ಮೂರು ದಿನ ಯಾರು ಬೇಕಾದರೂ ಬರಬಹುದಿತ್ತು, ಬೂಟು ಮಾತ್ರ ಸ್ವಚ್ಛವಾಗಿರಬೇಕಿತ್ತು. ಆಗಲೇ ಬಂದಿದ್ದರೆ ನಾನು ಹೊರಗೇ ಉಳಿಯುತ್ತಿದ್ದೆ. ಆ ಸಂಗ್ರಹವನ್ನು ಜೋಡಿಸಿದ ಕ್ರಿಸ್ಟಿಯಾನ್ ಫಾನ್ ಮೆಕೆಲ್ ಚಿತ್ರಗಳನ್ನು ಅಂದಚೆಂದಕ್ಕೆ ತಕ್ಕಂತೆ ಗೋಡೆಗೆ ತುಂಬದೆ, ಯಾವ ದೇಶದ ಪರಂಪರೆ, ಯಾವುದರ ನಂತರ ಯಾವುದು ಎಂಬ ಕ್ರಮದಲ್ಲಿ ಇಟ್ಟ. ಇಂದು ನಮಗೆ ಸಹಜವೆನಿಸುವ ಈ ಕ್ರಮ ಆಗ ಜಗಳಕ್ಕೆ ಕಾರಣವಾಗುವಷ್ಟು ಹೊಸದು.

ಒಳಗೆ ಕಾಲಿಟ್ಟೊಡನೆ ನೆಲಮಟ್ಟದ ಹಜಾರ. ಅದರ ಕಮಾನು ಚಾವಣಿಯನ್ನು ನಾಲ್ವರು ಕಲ್ಲಿನ ದೈತ್ಯರು ಬೆನ್ನು ಬಗ್ಗಿಸಿ ಹೊತ್ತಿದ್ದಾರೆ. ಅಲಂಕಾರಕ್ಕೆಂದು ನಿಲ್ಲಿಸಿದ್ದಾರೆ ಅಂದುಕೊಂಡರೆ ತಪ್ಪು. ಮೊದಲು ಈ ಹಜಾರದಲ್ಲಿ ಕಂಬಗಳೇ ಇರಲಿಲ್ಲ. ಕಟ್ಟಿ ಹತ್ತು ವರ್ಷವಾಗುವಷ್ಟರಲ್ಲಿ ಚಾವಣಿ ಕುಸಿಯುವ ಭಯ ಹುಟ್ಟಿ, 1732–33ರ ಚಳಿಗಾಲದಲ್ಲಿ ಹಿಲ್ಡೆಬ್ರಾಂಟ್ ಇವರನ್ನು ತಂದು ಭಾರ ಹೊರಿಸಿದ. ಅದನ್ನು ತಿಳಿದ ಮೇಲೆ ಅವರ ಕತ್ತಿನ ಸ್ನಾಯುಗಳನ್ನೂ, ಒಬ್ಬೊಬ್ಬನ ಪಕ್ಕೆಲುಬು ಒತ್ತಿಕೊಂಡಿರುವ ಬಗೆಯನ್ನೂ ಬೇರೆ ರೀತಿಯಲ್ಲಿ ನೋಡಿದೆ. ಇಡೀ ಅರಮನೆಯಲ್ಲಿ ನಿಜವಾಗಿಯೂ ದುಡಿಯುತ್ತಿರುವವರು ಈ ನಾಲ್ವರೇ.

ಮೇಲಿನ ಅಮೃತಶಿಲೆಯ ಸಭಾಂಗಣ ಎರಡು ಅಂತಸ್ತಿನ ಎತ್ತರದ್ದು, ಕೆಂಪುಕಂದು ಬಣ್ಣದ್ದು. ಚಾವಣಿಯ ಚಿತ್ರ ಕಾರ್ಲೋನೆಯದು. ದಂಡನಾಯಕನ ಕೀರ್ತಿಗಾಗಿ ದೇವತೆಗಳೆಲ್ಲ ಮೋಡದ ಮೇಲೆ ಕಿಕ್ಕಿರಿದಿದ್ದಾರೆ. ಸುಳ್ಳೇಕೆ, ಎರಡು ನಿಮಿಷಕ್ಕೆ ಕತ್ತು ನೋವು ಬಂತು. ನನ್ನನ್ನು ಹೆಚ್ಚು ಹೊತ್ತು ಅಲ್ಲಿ ನಿಲ್ಲಿಸಿದ್ದು ಇನ್ನೊಂದು ಸಂಗತಿ. 1945ರಿಂದ ನಾಲ್ಕು ವಿಜೇತ ದೇಶಗಳ ಸೈನ್ಯಗಳ ಹಿಡಿತದಲ್ಲಿದ್ದ ಆಸ್ಟ್ರಿಯಾಕ್ಕೆ ಸ್ವಾತಂತ್ರ್ಯ ಮರಳಿಸಿದ ಒಪ್ಪಂದಕ್ಕೆ 1955ರ ಮೇ 15ರಂದು ಸಹಿ ಬಿದ್ದದ್ದು ಈ ಸಭಾಂಗಣದಲ್ಲೇ. ವಿದೇಶಾಂಗ ಸಚಿವ ಲಿಯೊಪೋಲ್ಡ್ ಫಿಗ್ಲ್ “ಆಸ್ಟ್ರಿಯಾ ಸ್ವತಂತ್ರವಾಗಿದೆ” ಎಂದದ್ದು ಒಳಗೆ. ಆಮೇಲೆ ಬಾಲ್ಕನಿಗೆ ಬಂದು ಕೆಳಗೆ ನೆರೆದಿದ್ದ ಜನರಿಗೆ ಒಪ್ಪಂದದ ಪ್ರತಿಯನ್ನು ಎತ್ತಿ ತೋರಿಸಿದ. ಜನರ ನೆನಪಿನಲ್ಲಿ ಮಾತ್ರ ಮಾತೂ ಬಾಲ್ಕನಿಗೇ ಬಂದುಬಿಟ್ಟಿದೆ.

ಇನ್ನು ನಿನ್ನ ಚಿನ್ನ.

‘ಚುಂಬನ’ ಚಿತ್ರ 180 ಸೆಂಟಿಮೀಟರಿನ ಚೌಕ. ಮುಂದೆ ಸದಾ ಜನರ ಗೋಡೆ. ಎಲ್ಲರ ಕೈಯಲ್ಲೂ ಫೋನು. ನಾನು ಎದುರಿಗೆ ನಿಲ್ಲುವ ಆಸೆ ಬಿಟ್ಟು ಪಕ್ಕದಿಂದ, ಓರೆಯಾಗಿ ನೋಡಲು ಶುರುಮಾಡಿದೆ, ಮತ್ತು ಅದೇ ಸರಿಯಾದ ಜಾಗವಾಗಿತ್ತು. ಎದುರಿನಿಂದ ಒಂದೇ ಚಿನ್ನವಾಗಿ ಕಾಣುವುದು ಪಕ್ಕದಿಂದ ಬೇರೆಬೇರೆಯಾಗಿ ಬಿಚ್ಚಿಕೊಳ್ಳುತ್ತದೆ. ಹಿನ್ನೆಲೆಯದು ಹೊಳಪಿಲ್ಲದ, ಕಂದುಬಣ್ಣದ ಮೇಲೆ ಕಣಕಣವಾಗಿ ಉದುರಿಸಿದಂಥ ಚಿನ್ನ, ಧೂಳೆದ್ದ ಸಂಜೆಯ ಬೆಳಕಿನಂತೆ. ಅದರ ಮುಂದೆ ಅಪ್ಪಿಕೊಂಡಿರುವ ಗಂಡುಹೆಣ್ಣಿನ ಉಡುಪಿನದು ಝಗಝಗಿಸುವ ರೇಕು. ಜೊತೆಗೆ ಬೆಳ್ಳಿಯನ್ನೂ ಪ್ಲಾಟಿನಮ್ಮನ್ನೂ ಬಳಸಿದ್ದಾನೆ. ಗಂಡಸಿನ ನಿಲುವಂಗಿಯ ತುಂಬ ಕಪ್ಪು, ಬಿಳಿ, ಬೂದು ಬಣ್ಣದ ಉದ್ದುದ್ದನೆಯ ಆಯತಗಳು. ಹೆಂಗಸಿನದರ ತುಂಬ ದುಂಡುದುಂಡಾದ ಹೂಗಳು. ಮಾಂಸದ ಬಣ್ಣವಿರುವುದು ಮುಖ, ತೋಳು, ಕೈ, ಪಾದಗಳಿಗಷ್ಟೇ. ನಮ್ಮ ಚಿತ್ರಗಳಲ್ಲಿ ದೇವಿಯ ಮೈಮೇಲೆ ಒಡವೆಯಿರುತ್ತದೆ, ಅಲ್ಲವೇ? ಅದಕ್ಕೇ ನೀನು ಚಿನ್ನದ ರೇಕಿನಡಿ ಉಬ್ಬಾಗಿ ಹಚ್ಚುವ ಗೆಸ್ಸೊ ಸರಿಯನ್ನು ಹಾರಕ್ಕೆ, ಕಿರೀಟಕ್ಕೆ, ಸಿಂಹಾಸನಕ್ಕೆ ಲೆಕ್ಕವಿಟ್ಟು ಬಳಸುತ್ತೀ. ಇಲ್ಲಿ ಒಡವೆಯೊಳಗೇ ಮೈ ಮುಳುಗಿದೆ.

ಒಂದು ಸಣ್ಣ ಸಂಗತಿ ಹೇಳುತ್ತೇನೆ, ಅಚ್ಚಿನ ಪ್ರತಿಗಳಲ್ಲಿ ಕತ್ತರಿಸಿಹೋಗುವ ಮೂಲೆಯದು. ಹೂವಿನ ಹಾಸಿನ ತುದಿಯಲ್ಲಿ ಅವಳು ಮಂಡಿಯೂರಿದ್ದಾಳೆ. ಅವಳ ಪಾದಗಳು ಹಾಸಿನ ಅಂಚನ್ನು ದಾಟಿವೆ, ಬೆರಳುಗಳು ಮಡಿಚಿಕೊಂಡು ಆ ಅಂಚನ್ನೇ ಕಚ್ಚಿ ಹಿಡಿದಂತಿವೆ. ಅಲ್ಲಿಂದ ಕೆಳಗೆ ಏನೂ ಇಲ್ಲ. ಪಾದಗಳ ಸುತ್ತ ಚಿನ್ನದ ಎಲೆಬಳ್ಳಿಗಳು ಜೋತುಬಿದ್ದಿವೆ. ಅಷ್ಟು ನೆಮ್ಮದಿಯಿಂದ ಕಣ್ಣು ಮುಚ್ಚಿದವಳ ಬೆರಳುಗಳು ಮಾತ್ರ ನೆಮ್ಮದಿಯಿಂದಿಲ್ಲ.

ಕ್ಲಿಮ್ಟನ ತಂದೆ ಚಿನ್ನದ ಕೆತ್ತನೆಯ ಕೆಲಸಗಾರ ಎಂಬುದನ್ನು ಕೇಳಿದರೆ ನೀನು ಖುಷಿಪಡುತ್ತೀ. 1903ರಲ್ಲಿ ಕ್ಲಿಮ್ಟ್ ಇಟಲಿಯ ರವೆನ್ನಾಕ್ಕೆ ಹೋಗಿ ಅಲ್ಲಿನ ಹಳೆಯ ಚರ್ಚುಗಳ ಚಿನ್ನದ ಮೊಸಾಯಿಕ್‌ಗಳನ್ನೂ ನೋಡಿ ಬಂದಿದ್ದ. 1908ರಲ್ಲಿ ಈ ಚಿತ್ರ ಮೊದಲ ಸಲ ಪ್ರದರ್ಶನಕ್ಕೆ ಬಂದಾಗ ಇನ್ನೂ ಪೂರ್ತಿಯಾಗಿರಲಿಲ್ಲ; ಆದರೂ ಸರ್ಕಾರ 25,000 ಕ್ರೋನ್ ಕೊಟ್ಟು ಕೊಂಡಿತು. ಹತ್ತಿರದಲ್ಲೇ 1901ರ ‘ಜೂಡಿತ್’ ಇದೆ. ಅದರ ಲೋಹದ ಚೌಕಟ್ಟನ್ನು ಮಾಡಿದವನು ಅವನ ತಮ್ಮ ಗೆಯೋರ್ಗ್. ಚಿತ್ರ ಅಣ್ಣನದು, ಕಟ್ಟು ತಮ್ಮನದು. ಎಷ್ಟಾದರೂ ಅಕ್ಕಸಾಲಿಗರ ಮನೆ.

ಇಲ್ಲಿ ಇಲ್ಲದ ಚಿನ್ನದ ಮಾತನ್ನೂ ಬರೆಯಬೇಕು. ಕ್ಲಿಮ್ಟ್ ಬರೆದ ಆಡೆಲೆ ಬ್ಲೋಖ್-ಬೌವರಳ ಚಿನ್ನದ ಭಾವಚಿತ್ರ ದಶಕಗಳ ಕಾಲ ಈ ಸಂಗ್ರಹದ ಹೆಮ್ಮೆಯಾಗಿತ್ತು. ಅದು ನಾತ್ಸಿಗಳು ಒಂದು ಯಹೂದಿ ಕುಟುಂಬದಿಂದ ಕಸಿದುಕೊಂಡ ಸ್ವತ್ತು. ಆಡೆಲೆಯ ಅಕ್ಕನ ಮಗಳು ಮರಿಯಾ ಆಲ್ಟ್‌ಮನ್ ವರ್ಷಗಟ್ಟಲೆ ನ್ಯಾಯಕ್ಕಾಗಿ ಹೋರಾಡಿದ ಮೇಲೆ, 2006ರಲ್ಲಿ ಅದೂ ಸೇರಿ ಕ್ಲಿಮ್ಟನ ಐದು ಚಿತ್ರಗಳು ವಾರಸುದಾರರಿಗೆ ಮರಳಿದವು. ಈಗ ಆ ಭಾವಚಿತ್ರ ನ್ಯೂಯಾರ್ಕಿನಲ್ಲಿದೆ. ಊರಿನ ಹೆಮ್ಮೆ ಹೊರಟುಹೋಯಿತೆಂದು ಆಗ ವಿಯೆನ್ನಾದಲ್ಲಿ ಮರುಗಿದವರಿದ್ದರು. ನನಗೇನೋ ಆ ಮರುಕ ಹತ್ತಲಿಲ್ಲ. ಕದ್ದ ಒಡವೆ ಎಷ್ಟು ಕಾಲ ಒಪ್ಪಿದರೂ ಅದು ಹಾಕಿಕೊಂಡವರದಾಗುವುದಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಫ್ರಾನ್ಸಿನ ಚಿತ್ರಕಾರ ದಾವಿದ್ ಬರೆದ, ಹಿಂಗಾಲಲ್ಲಿ ಎದ್ದ ಕುದುರೆಯ ಮೇಲಿನ ನೆಪೋಲಿಯನ್ ಇಲ್ಲಿದ್ದಾನೆ. ಆಲ್ಪ್ಸ್ ಪರ್ವತವನ್ನು ಅವನು ದಾಟಿದ್ದು ಹೇಸರಗತ್ತೆಯ ಮೇಲೆ. ಈ ಊರನ್ನು ಎರಡು ಸಲ ಹಿಡಿದವನನ್ನು ಈ ಊರೇ ಅರಮನೆಯಲ್ಲಿಟ್ಟು ಕಾಯುತ್ತಿದೆ. ಆದರೆ ಮೆಸ್ಸರ್‌ಷ್ಮಿಟ್ ಎಂಬ ಹದಿನೆಂಟನೆಯ ಶತಮಾನದ ಶಿಲ್ಪಿಯ ತಲೆಗಳ ಬಳಿ ಬಹಳ ಹೊತ್ತು ನಿಂತೆ. ಒಂದು ತಲೆ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿ ತುಟಿಗಳನ್ನು ಒಳಗೆಳೆದುಕೊಂಡಿದೆ, ಇನ್ನೊಂದರ ತುಟಿ ಹಕ್ಕಿಯ ಕೊಕ್ಕಿನಂತೆ ಮುಂದೆ ಚಾಚಿದೆ. ನವರಸಗಳಲ್ಲಿ ಯಾವುದಕ್ಕೂ ಸೇರಿಸಲಾಗದ ಮುಖಗಳು. ಅವುಗಳಿಗಿರುವ ಹೆಸರುಗಳೆಲ್ಲ ಅವನು ಸತ್ತ ಮೇಲೆ ಬೇರೆಯವರು ಇಟ್ಟವು. ಪಕ್ಕದಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಒಂದೊಂದು ತಲೆಯ ಮುಂದೆಯೂ ಅದೇ ಮುಖ ಮಾಡಿ ಪರೀಕ್ಷಿಸುತ್ತಿದ್ದಳು. ಅವಳಮ್ಮ ನೋಡದಿದ್ದಾಗ ನಾನೂ ಒಂದು ಪ್ರಯತ್ನ ಮಾಡಿದೆ. ಕೊಕ್ಕು ಬರಲಿಲ್ಲ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾವಿಬ್ಬರೂ ಸುತ್ತಾಡಿದ ಮಧ್ಯಾಹ್ನಗಳು ಅಲ್ಲಿ ನೆನಪಾದವು. ಅರಮನೆಯನ್ನು ಚಿತ್ರಶಾಲೆ ಮಾಡಿದಲ್ಲೆಲ್ಲ ಗೋಡೆಗೂ ಚಿತ್ರಕ್ಕೂ ಒಂದು ಪೈಪೋಟಿ ಇದ್ದೇ ಇರುತ್ತದೆ ಎಂದು ನೀನು ಅಂದದ್ದೂ ಸಹ. ಬೆಲ್ವೆಡೇರಿನಲ್ಲಿ ಅಮೃತಶಿಲೆಯ ಸಭಾಂಗಣದ ಮಟ್ಟಿಗೆ ಗೋಡೆ ಗೆದ್ದಿದೆ, ಕ್ಲಿಮ್ಟನ ಕೋಣೆಯಲ್ಲಿ ಸೋತಿದೆ.

ಈ ಪತ್ರದೊಂದಿಗೆ ‘ಚುಂಬನ’ದ ಒಂದು ಅಂಚೆ ಕಾರ್ಡು ಕಳಿಸುತ್ತಿದ್ದೇನೆ. ಅದರ ಹಳದಿಯನ್ನು ನಂಬಬೇಡ. ಕೆಳಗಿನ ಬಲಮೂಲೆಯ ಪಾದಗಳನ್ನು ಮಾತ್ರ ನಿನ್ನ ಭೂತಗನ್ನಡಿಯಲ್ಲಿ ನೋಡು. ಬೆರಳುಗಳು ಅದರಲ್ಲೂ ಕಾಣುತ್ತವೆ.

ನಿನ್ನ ಗೆಳೆಯ